ಬಟ್ಟೆಯ ಹಿಂಬದಿ ನೋಡಿ ಮಾಡುವ ರಿಪೇರಿ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಪಶ್ಚಿಮಕ್ಕೆ ಕ್ಲೈಡ್‌ಬ್ಯಾಂಕ್ ಎಂಬ ಊರಿದೆ. ಅಲ್ಲಿನ ಒಂದು ರೈಲು ನಿಲ್ದಾಣದ ಹೆಸರು ಇಂದಿಗೂ ‘ಸಿಂಗರ್’. 1885ರಲ್ಲಿ ಆರಂಭವಾಗಿ 1980ರಲ್ಲಿ ಬಾಗಿಲು ಮುಚ್ಚಿದ ಸಿಂಗರ್ ಹೊಲಿಗೆ ಯಂತ್ರದ ಕಾರ್ಖಾನೆ ಇದ್ದದ್ದು ಇಲ್ಲಿಯೇ. ಆ ಕಾರ್ಖಾನೆಯಲ್ಲಿ ತಯಾರಾದ, ಕ್ರಮಸಂಖ್ಯೆ ‘ವೈ’ ಅಕ್ಷರದಿಂದ ಆರಂಭವಾಗುವ 15ನೆಯ ವರ್ಗದ (ಸಿಂಗರ್ ತನ್ನ ಮಾದರಿಗಳಿಗೆ ಕೊಟ್ಟ ಸಂಖ್ಯೆ) ಕಾಲು ಮಷೀನೊಂದು ಕಳೆದ ವರ್ಷ ಇಲ್ಲಿಯ ನನ್ನ ಮನೆಗೆ ಬಂದಿತು. ದಾವಣಗೆರೆಯಲ್ಲಿ ಅವ್ವ ತುಳಿಯುವ ಉಷಾ ಮಷೀನೂ ಇದೇ ವಿನ್ಯಾಸದ್ದು; ಸೂಜಿ, ಬಾಬಿನ್, ಬಾಬಿನ್ ಕೇಸು ಅಲ್ಲಿಯವು ಇಲ್ಲಿಗೂ ಹೊಂದುತ್ತವೆ. ಯಂತ್ರ ಒಂದೇ ಆದರೂ ಅದನ್ನು ರಿಪೇರಿ ಮಾಡುವ ರೀತಿ ಎರಡು ಊರುಗಳಲ್ಲಿ ಬೇರೆಬೇರೆ. ಇಲ್ಲಿಯವರಿಂದ ನಾನು ಬಹಳಷ್ಟು ಕಲಿತಿದ್ದೇನೆ, ಆದರೆ ದೋಷ ಎಲ್ಲಿದೆಯೆಂದು ಹುಡುಕುವುದರಲ್ಲಿ ನಮ್ಮೂರಿನ ರೀತಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮನೆಗೆ ತಂದಾಗ ಯಂತ್ರದ ಕೈಚಕ್ರ ಅಲುಗಾಡುತ್ತಿರಲಿಲ್ಲ. ತುಕ್ಕು ಹಿಡಿದಿರಬೇಕೆಂದು ಮೊದಲು ತೋರುತ್ತದೆ, ಆದರೆ ಇಂಥ ಯಂತ್ರಗಳಲ್ಲಿ ಹೆಚ್ಚಾಗಿ ಆಗಿರುವುದು ದಶಕಗಳ ಹಿಂದೆ ಬಿಟ್ಟ ಎಣ್ಣೆ ಒಣಗಿ ಅರಗಿನಂತೆ ಅಂಟಿಕೊಂಡಿರುವುದು. ಹಳೆಯ ಯಂತ್ರಗಳನ್ನು ಸರಿಪಡಿಸುವ ಇಲ್ಲಿಯ ಆಸಕ್ತರು ಚಕ್ರಕ್ಕೆ ಬಲ ಹಾಕುವುದಿಲ್ಲ. ಒಂದೊಂದು ತಿರುಪನ್ನು ಬಿಚ್ಚುವ ಮೊದಲೂ ಫೋಟೊ ತೆಗೆದು, ಪ್ರತಿ ಕೀಲಿಗೂ ಸೀಮೆಎಣ್ಣೆ ಹನಿಸಿ ಕಾಯುತ್ತಾರೆ. ಇಲ್ಲಿ ಅಂಗಡಿಯಲ್ಲಿ ಅದನ್ನು ಪ್ಯಾರಫಿನ್ ಎಂದು ಕೇಳಬೇಕು. ನಾನೂ ಎರಡು ರಾತ್ರಿ ಕಾದೆ. ಮೂರನೆಯ ದಿನ ಹೇರ್ ಡ್ರೈಯರಿನಿಂದ ಸ್ವಲ್ಪ ಬಿಸಿ ಕೊಟ್ಟು ಕೈಚಕ್ರ ಹಿಡಿದಾಗ ಅದು ಅರ್ಧ ಸುತ್ತು ಸರಿಯಿತು, ಸೂಜಿ ಕಂಬದ ಬುಡದಿಂದ ಕಾಕಂಬಿಯಂಥ ಕಂದು ದ್ರವ ಇಳಿಯಿತು. ಸೀಮೆಎಣ್ಣೆ ಕೊಳೆಯನ್ನು ಕರಗಿಸುತ್ತದೆಯೇ ಹೊರತು ಸವೆತ ತಡೆಯುವುದಿಲ್ಲ. ಆದ್ದರಿಂದ ಅದನ್ನು ಪೂರ್ತಿ ಒರೆಸಿದ ಮೇಲೆ ಮಷೀನ್ ಎಣ್ಣೆಯನ್ನೇ ಬಿಡಬೇಕು. ಮೈಮೇಲಿನ ಬಂಗಾರದ ಬಣ್ಣದ ಚಿತ್ತಾರಕ್ಕೆ ಅರಗಿನ ಮೆರುಗು ಹೊದಿಸಿರುವುದರಿಂದ ಸ್ಪಿರಿಟ್ ತಾಗಿದರೆ ಅದು ಕರಗಿಹೋಗುತ್ತದೆ ಎಂಬುದನ್ನೂ ಇವರೇ ನನಗೆ ಕಲಿಸಿದರು.

ಆದರೆ ಯಂತ್ರ ತಿರುಗಿದ ಮಾತ್ರಕ್ಕೆ ಹೊಲಿಗೆ ಕೂಡಲಿಲ್ಲ. ಬಟ್ಟೆಯ ಅಡಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ಗಂಟುಕಟ್ಟುತ್ತಿತ್ತು. ಅಡಿಯಲ್ಲಿ ಗಂಟು ಕಂಡದ್ದರಿಂದ ದೋಷವೂ ಅಡಿಯಲ್ಲಿಯೇ ಇರಬೇಕೆಂದುಕೊಂಡು ಎರಡು ಸಂಜೆ ಅಡಿಯ ದಾರವನ್ನು ಮೇಲಿನ ದಾರಕ್ಕೆ ಹೆಣೆಯುವ ಶಟಲ್ ಬಿಚ್ಚಿ ಜೋಡಿಸಿದೆ. ಇಲ್ಲಿಯ ಗೆಳೆಯರೊಬ್ಬರು ಸೂಜಿಗೂ ಶಟಲ್ಲಿಗೂ ಹೊಂದಾಣಿಕೆ ತಪ್ಪಿದೆಯೇ ಎಂದು ಅಳೆದೂ ನೋಡಿದರು. ಕೊನೆಗೆ ವಿಡಿಯೊ ಕರೆಯಲ್ಲಿ ಅವ್ವ ಯಂತ್ರವನ್ನು ತೋರಿಸೆಂದು ಕೇಳಲೇ ಇಲ್ಲ. “ಬಟ್ಟೆ ತಿರುವಿ ತೋರ್ಸಪ್ಪ” ಎಂದಳು. ನೋಡಿದವಳೇ, ಅಡಿಯಲ್ಲಿ ಕುಣಿಕೆ ಬಿದ್ದರೆ ಮೇಲಿನ ದಾರಕ್ಕೆ ಬಿಗಿಯಿಲ್ಲವೆಂದು ಅರ್ಥ, ಶಟಲ್ಲಿನ ತಂಟೆಗೆ ಹೋಗಬೇಡ ಎಂದಳು. ಬಟ್ಟೆಯನ್ನು ಒತ್ತಿಹಿಡಿಯುವ ಪ್ರೆಷರ್ ಫೂಟನ್ನು ಮೇಲಕ್ಕೆತ್ತಿದರೆ ಮೇಲಿನ ದಾರವನ್ನು ಬಿಗಿಹಿಡಿಯುವ ಟೆನ್ಶನ್ ಬಿಲ್ಲೆಗಳು ಬಿಡಿಸಿಕೊಳ್ಳುತ್ತವೆ. ಆಗ ಅವುಗಳ ನಡುವೆ ತೆಳುವಾದ ಬಟ್ಟೆಯ ಅಂಚನ್ನು ಎಳೆದಾಡಿಸಿದಾಗ, ಒತ್ತಿ ಗಟ್ಟಿಯಾಗಿದ್ದ ಬೂದುಬಣ್ಣದ ನೂಲಿನ ಜುಂಗು ಹೊರಬಂದಿತು. ಆ ಜುಂಗಿನಿಂದಾಗಿ ಬಿಲ್ಲೆಗಳು ಪೂರ್ತಿ ಕೂಡಿಕೊಳ್ಳದೆ ದಾರ ಸಡಿಲವಾಗಿ ಜಾರಿಹೋಗುತ್ತಿತ್ತು, ಅಷ್ಟೇ.

ಅವ್ವನಿಗೆ ಇದನ್ನು ಯಾರೂ ಪುಸ್ತಕದಿಂದ ಓದಿ ಹೇಳಿದ್ದಲ್ಲ. ನಮ್ಮ ಓಣಿಗೆ ಸೈಕಲ್ಲಿನಲ್ಲಿ ಬರುತ್ತಿದ್ದ ರಿಪೇರಿಯವರು ಸ್ಕ್ರೂಡ್ರೈವರ್ ಹೊರತೆಗೆಯುವ ಮೊದಲು ಒಂದು ಚಿಂದಿ ಬಟ್ಟೆ ಕೇಳಿ, ಒಂದು ಗೇಣು ಹೊಲಿದು, ಎರಡೂ ಬದಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಆಮೇಲೆ ದಾರ ತೆಗೆದು ಮತ್ತೆ ಪೋಣಿಸುವುದು, ಹೊಸ ಸೂಜಿ ಹಾಕುವುದು, ಬಟ್ಟೆಯನ್ನು ಮುಂದೆ ಸರಿಸುವ ಹಲ್ಲಿನ ಕೆಳಗಿನ ಜುಂಗು ಕೆರೆಯುವುದು. ಹೊಲಿಗೆ ಬಿಟ್ಟು ಬಿಟ್ಟು ಬೀಳುವ ಎಷ್ಟೋ ಮಷೀನುಗಳು ಇಷ್ಟರಲ್ಲೇ ಸರಿಹೋಗುತ್ತವೆ. ಈ ವರ್ಗದ ಯಂತ್ರದಲ್ಲಿ ಸೂಜಿಯ ಚಪ್ಪಟೆ ಬದಿ ಎಡಕ್ಕಿರಬೇಕು, ದಾರವನ್ನು ಬಲದಿಂದ ಎಡಕ್ಕೆ ಪೋಣಿಸಬೇಕು. ಇದು ತಿರುವುಮುರುವಾದರೆ ಎಷ್ಟು ಎಣ್ಣೆ ಬಿಟ್ಟರೂ ಪ್ರಯೋಜನವಿಲ್ಲ.

ನಮ್ಮಲ್ಲಿಯೂ ತಪ್ಪುಗಳಿವೆ, ಅವನ್ನು ಮುಚ್ಚಿಡಲಾರೆ. ಬಿಗಿದ ತಿರುಪಿಗೆ ಸುತ್ತಿಗೆಯ ಪೆಟ್ಟು ಕೊಡುವುದು, ಕೊಳೆ ತೆಗೆಯಲು ಥಿನ್ನರ್ ಬಳಸುವುದು ಅಲ್ಲಿ ಸಾಮಾನ್ಯ. ಅವ್ವನ ಮಷೀನಿನ ಚಿತ್ತಾರ ಹಾಗೆಯೇ ಅಳಿಸಿಹೋಯಿತು. ಕೈಚಕ್ರದ ಒಳಗಿನ ಮೂರು ಕಿವಿಗಳ ವಾಷರನ್ನು ಗುರುತು ಮಾಡಿಕೊಳ್ಳದೆ ತೆಗೆದು ತಿರುವಿ ಹಾಕಿದರೆ, ಬಾಬಿನ್ ಸುತ್ತುವಾಗ ಸೂಜಿಯೂ ಕುಣಿಯುತ್ತಲೇ ಇರುತ್ತದೆ. ಫೋಟೊ ತೆಗೆಯುವ ಇಲ್ಲಿಯವರ ತಾಳ್ಮೆಯನ್ನು ನಾವು ಕಲಿಯಲೇಬೇಕು. ಆದರೆ ಮೈ ಫಳಫಳ ಹೊಳೆಯುವಂತೆ ಮಾಡಿ, ಒಂದು ದಿಂಬಿನ ಚೀಲವನ್ನೂ ಹೊಲಿಯದೆ ಯಂತ್ರವನ್ನು ಅಂದಕ್ಕೆ ನಿಲ್ಲಿಸುವುದನ್ನು, ಕಬ್ಬಿಣದ ಕಾಲುಗಳ ಮೇಲೆ ಹಲಗೆ ಹಾಕಿ ಕಾಫಿ ಮೇಜು ಮಾಡುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಈಗ ಉಳಿದಿರುವುದು ಎರಡು ಕೆಲಸ. ಚರ್ಮದ ಬೆಲ್ಟು ಹಿಗ್ಗಿ ಜಾರುತ್ತಿದೆ; ಅರ್ಧ ಇಂಚು ಕತ್ತರಿಸಿ, ಹೊಸ ತೂತು ಕೊರೆದು ಕೊಂಡಿ ಹಾಕಬೇಕು. ಬಾಬಿನ್ ಸುತ್ತುವ ಗಾಲಿಯ ರಬ್ಬರ್ ಉಂಗುರ ಕಲ್ಲಿನಂತಾಗಿದೆ; ಡಿಸೆಂಬರಿನಲ್ಲಿ ಬರಲಿರುವ ತಮ್ಮನಿಗೆ ದಾವಣಗೆರೆಯಿಂದ ನಾಲ್ಕು ಉಂಗುರ ತರಲು ಹೇಳಿದ್ದೇನೆ.