ಆಯ್ಕೆ ಒಂದೇ ಇದ್ದರೆ ಪಟ್ಟಿ ಯಾಕೆ ಬೇಕು ಸ್ವಾಮಿ?

ಲಿನಕ್ಸ್ ಅಪ್‌ಗ್ರೇಡ್‌ನಷ್ಟು ವಿನಯ ಯಾರಿಗೂ ಇಲ್ಲ. ಲಿನಕ್ಸ್ ಕುಟುಂಬದ ಉಬುಂಟು ಅನ್ನುವ ಆಪರೇಟಿಂಗ್ ಸಿಸ್ಟಮ್ಮಿನ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಹೋಗಿ ನೋಡಿ. ನೀವು ಜನ್ಮದಲ್ಲಿ ಹೆಸರೇ ಕೇಳಿರದ ಯಾವುದೋ ಕಾನ್ಫಿಗ್ (ಸೆಟ್ಟಿಂಗ್ಸ್ ಬರೆದಿಟ್ಟ) ಫೈಲನ್ನು ಎತ್ತಿಕೊಂಡು ಬಂದು, ಇದನ್ನು ಯಾರೋ ತಿದ್ದಿದ್ದಾರೆ, ಹೊಸದು ಹಾಕಲೇ, ಹಳೆಯದನ್ನೇ ಇಟ್ಟುಕೊಳ್ಳಲೇ, ಎರಡಕ್ಕೂ ಏನು ವ್ಯತ್ಯಾಸ ಅಂತ ತೋರಿಸಲೇ, ಇಲ್ಲಾ ನೀವೇ ಕಮಾಂಡ್ ಕೊಡುವ ಶೆಲ್ ತೆರೆದು ಪರಿಶೀಲಿಸುತ್ತೀರಾ ಅಂತ ಕೇಳುತ್ತದೆ. ವೈ, ಎನ್, ಡಿ, ಝಡ್. ಒಂದು ಅಕ್ಷರ ಒತ್ತುವವರೆಗೂ ಕೈಕಟ್ಟಿ ನಿಂತಿರುತ್ತದೆ. ಆಮೇಲೆ ಬಳಕೆಯಲ್ಲಿಲ್ಲದ ಪ್ಯಾಕೇಜ್‌ಗಳನ್ನು (ತಂತ್ರಾಂಶದ ಕಟ್ಟುಗಳನ್ನು) ತೆಗೆಯಲೇ ಅನ್ನುತ್ತದೆ. ರೀಸ್ಟಾರ್ಟ್ ಮಾಡಲೇ ಅನ್ನುತ್ತದೆ. ಇಷ್ಟೆಲ್ಲ ಅಪ್ಪಣೆ ಪಡೆದು ಕೊನೆಗೆ ಲಾಗಿನ್ ತೆರೆ ಬಂದಾಗ, ವರ್ಷಗಟ್ಟಲೆ ನೀವು ಕೂತು ಕೆಲಸ ಮಾಡಿದ ಡೆಸ್ಕ್‌ಟಾಪ್ ಸೆಷನ್ನೇ, ಅಂದರೆ ಲಾಗಿನ್ ಆದ ಮೇಲೆ ತೆರೆದುಕೊಳ್ಳುವ ಕೆಲಸದ ವಾತಾವರಣವೇ ಇಲ್ಲ. ಅದೊಂದರ ಬಗ್ಗೆ ಯಾರೂ ಒಂದು ಮಾತು ಕೇಳಿರುವುದಿಲ್ಲ.

'ಕೇಳಿದ್ದೆವಲ್ಲ, ವಿವರ ಅನ್ನುವ ಬಟನ್ ಇತ್ತಲ್ಲ' ಅನ್ನುವವರಿದ್ದಾರೆ. ಇತ್ತು. ಒತ್ತಿದರೆ ನೂರಾರು ಪ್ಯಾಕೇಜ್‌ಗಳ ಹೆಸರು ಸುರಿಯುತ್ತದೆ, ಅದರಲ್ಲಿ ಮುಕ್ಕಾಲು ಪಾಲು 'ಲಿಬ್' ಅಂತ ಶುರುವಾಗುತ್ತವೆ. ಅದನ್ನು ಪೂರ್ತಿ ಓದಿದವರು ಇದ್ದರೆ ಅವರಿಗೊಂದು ಶಾಲು ಹೊದಿಸಬೇಕು. ಅಷ್ಟು ಓದಿದರೂ ಕೆಲವೊಮ್ಮೆ ಪ್ರಯೋಜನವಿಲ್ಲ, ಯಾಕೆಂದರೆ ಹೋಗುವುದು ಪ್ಯಾಕೇಜ್ ಅಲ್ಲ, ಪ್ಯಾಕೇಜಿನ ಒಳಗಿದ್ದ ಒಂದು ಸಣ್ಣ ಫೈಲ್. ಪ್ಯಾಕೇಜ್ ಅಲ್ಲೇ ಇರುತ್ತದೆ, ಹೊಸ ನಂಬರ್ ಹಾಕಿಕೊಂಡು.

ಆ ಫೈಲ್ ಎಷ್ಟು ಸಣ್ಣದು ಅಂತ ನೋಡಿ. ಯುಎಸ್ಆರ್ ಒಳಗಿನ ಶೇರ್ ಫೋಲ್ಡರಿನಲ್ಲಿ 'ಎಕ್ಸ್‌ಸೆಷನ್ಸ್' ಅಂತ ಒಂದು ಫೋಲ್ಡರ್, 'ವೇಲ್ಯಾಂಡ್-ಸೆಷನ್ಸ್' ಅಂತ ಇನ್ನೊಂದು. ಎಕ್ಸ್, ವೇಲ್ಯಾಂಡ್ ಅಂದರೆ ತೆರೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಹಳೆಯ, ಹೊಸ ಎರಡು ವ್ಯವಸ್ಥೆಗಳು. ಲಾಗಿನ್ ತೆರೆ ನಡೆಸುವ ಜಿಡಿಎಂ, ಎಸ್‌ಡಿಡಿಎಂ, ಲೈಟ್‌ಡಿಎಂ ಎಲ್ಲ ಮಾಡುವುದು ಇಷ್ಟೇ: ಈ ಫೋಲ್ಡರ್‌ಗಳಲ್ಲಿ 'ಡಾಟ್ ಡೆಸ್ಕ್‌ಟಾಪ್' ಅಂತ ಮುಗಿಯುವ ಫೈಲ್‌ಗಳು ಎಷ್ಟಿವೆ ಅಂತ ನೋಡುವುದು, ಅವುಗಳ ಹೆಸರನ್ನು ಪಟ್ಟಿ ಮಾಡುವುದು. ಹತ್ತು ಸಾಲಿನ ಪಠ್ಯ ಅಷ್ಟೆ. ಹೆಸರು ಏನು, ಯಾವ ಪ್ರೋಗ್ರಾಂ ಶುರು ಮಾಡಬೇಕು, ಮುಗಿಯಿತು. ಅದರಲ್ಲಿ 'ಟ್ರೈ-ಎಕ್ಸೆಕ್' ಅಂತ ಒಂದು ಸಾಲು ಇರಬಹುದು. ಅಲ್ಲಿ ಹೇಳಿದ ಪ್ರೋಗ್ರಾಂ ಕಂಪ್ಯೂಟರಿನಲ್ಲಿ ಸಿಗದಿದ್ದರೆ ಆ ಸೆಷನ್ನನ್ನು ಪಟ್ಟಿಯಲ್ಲಿ ತೋರಿಸುವುದೇ ಇಲ್ಲ. ದೋಷ ಅಂತ ಹೇಳುವುದಿಲ್ಲ, ಬೂದು ಬಣ್ಣದಲ್ಲಿ ತೋರಿಸುವುದೂ ಇಲ್ಲ. ಅಪ್‌ಗ್ರೇಡ್ ಮಾಡುವಾಗ ಪಿಪಿಎ ಅನ್ನುವ ಹೊರಗಿನ ತಂತ್ರಾಂಶ ಮೂಲಗಳನ್ನು ಉಬುಂಟು ತಾನೇ ಬಂದ್ ಮಾಡುತ್ತದೆ. ಅಲ್ಲಿಂದ ತಂದಿದ್ದ ಡೆಸ್ಕ್‌ಟಾಪಿನ ಒಂದು ಕಾಲು ಮುರಿದಿದ್ದರೂ ಸಾಕು, ಅದು ಹುಟ್ಟಿಯೇ ಇರಲಿಲ್ಲ ಅನ್ನುವ ಹಾಗೆ ಪಟ್ಟಿ ನಿಮ್ಮ ಮುಖ ನೋಡುತ್ತದೆ.

ಇನ್ನು ಜಿಡಿಎಂನ ಗಿಯರ್ ಚಿಹ್ನೆಯ ಕಥೆ. ಸೆಷನ್ ಬದಲಿಸಲು ಕೆಳಗಡೆ ಬಲಮೂಲೆಯಲ್ಲಿ ಒಂದು ಪುಟ್ಟ ಗಿಯರ್ ಇರುತ್ತದೆ. ಮೊದಲೇ ಕಾಣಿಸುವುದಿಲ್ಲ. ನಿಮ್ಮ ಹೆಸರಿನ ಮೇಲೆ ಒತ್ತಿ, ಪಾಸ್‌ವರ್ಡ್ ಕೇಳುವ ಹಂತಕ್ಕೆ ಬಂದ ಮೇಲೆ ದರ್ಶನ ಕೊಡುತ್ತದೆ. ನಮ್ಮಲ್ಲಿ ಬಹಳ ಜನ ಅಷ್ಟು ಹೊತ್ತಿಗೆ ಪಾಸ್‌ವರ್ಡ್ ಹಾಕಿ ಎಂಟರ್ ಒತ್ತಿ ಆಗಿರುತ್ತದೆ. ಸರಿ, ಅದು ವಿನ್ಯಾಸ, ಬಿಡಿ. ತಮಾಷೆ ಇರುವುದು ಮುಂದೆ. ಸೆಷನ್ ಒಂದೇ ಉಳಿದಿದ್ದರೆ ಆ ಗಿಯರ್ ಸಹ ಮಾಯವಾಗುತ್ತದೆ. ಇದರ ತರ್ಕ ನಮ್ಮ ದರ್ಶಿನಿ ಹೋಟೆಲ್ಲಿಗೆ ಹಾಕಿ ನೋಡಿ. ಬೋರ್ಡಿನಲ್ಲಿ ಇಡ್ಲಿ, ಖಾಲಿ ದೋಸೆ ಎರಡೂ ಇದ್ದವು. ಒಂದು ಬೆಳಿಗ್ಗೆ ಖಾಲಿ ದೋಸೆ ನಿಲ್ಲಿಸಿದರು. ನಿಲ್ಲಿಸಿದ್ದೇವೆ ಅಂತ ಬರೆಯಬಹುದಿತ್ತು, ಅದರ ಬದಲು ಬೋರ್ಡನ್ನೇ ಬಿಚ್ಚಿಟ್ಟರು. ಗಲ್ಲಾದ ಹತ್ತಿರ ಹೋಗಿ ಖಾಲಿ ದೋಸೆ ಎಲ್ಲಿ ಅಂದರೆ, 'ಇರೋದು ಒಂದೇ ತಿಂಡಿ ಸಾರ್, ಬೋರ್ಡ್ ಯಾಕೆ?' ಇಡ್ಲಿ ಚೆನ್ನಾಗಿಯೇ ಇದೆ. ಅದರ ಬಗ್ಗೆ ಯಾರದೂ ತಕರಾರಿಲ್ಲ.

ಇನ್ನೊಂದು ಸೊಬಗು ಗಮನಿಸಿ. ಅದೇ ತೆರೆಯಲ್ಲಿ ಬಳಕೆದಾರರ ಹೆಸರುಗಳ ಕೆಳಗೆ 'ನಾಟ್ ಲಿಸ್ಟೆಡ್?' ಅಂತ ಒಂದು ಸಾಲು ಇರುತ್ತದೆ. ಪಟ್ಟಿಯಲ್ಲಿ ಮನುಷ್ಯ ಕಾಣೆಯಾಗಿದ್ದರೆ ಅವನು ಬಂದು ತನ್ನ ಹೆಸರು ತಾನೇ ಹೇಳಿಕೊಳ್ಳಬಹುದು. ಡೆಸ್ಕ್‌ಟಾಪ್ ಕಾಣೆಯಾದರೆ ಆ ಸೌಲಭ್ಯ ಇಲ್ಲ. ಕಳೆದ ಸಲ ನೀವು ಯಾವ ಸೆಷನ್ ಆರಿಸಿದ್ದಿರಿ ಅನ್ನುವುದು ಕಂಪ್ಯೂಟರಿಗೆ ಗೊತ್ತಿರುತ್ತದೆ, ಅಕೌಂಟ್ಸ್‌ಸರ್ವಿಸ್ ಅನ್ನುವ ಸೇವೆ ಅದನ್ನು ಒಬ್ಬೊಬ್ಬರ ಹೆಸರಿನಲ್ಲೂ ಬರೆದಿಟ್ಟಿರುತ್ತದೆ. ಅಂದರೆ ಇವರಿಗೆ ಬೇಕಾಗಿದ್ದು ಇದು, ಇದು ಈಗ ಇಲ್ಲ ಅನ್ನುವ ಎರಡೂ ವಿಷಯ ಅದರ ಕೈಯಲ್ಲೇ ಇದೆ. ಆದರೂ ಗುಟ್ಟು ಬಿಡದೆ, ಇರುವ ಸೆಷನ್ನಿಗೆ ಸದ್ದಿಲ್ಲದೆ ಕಳಿಸಿಕೊಡುತ್ತದೆ.

ಇದೆಲ್ಲ ಯಾಕೆ ಶುರುವಾಯಿತು ಅಂದರೆ, ಹಳೆಯ ಎಕ್ಸ್ ಅನ್ನು ಮನೆಗೆ ಕಳಿಸಬೇಕಿತ್ತು. ಎಕ್ಸ್ ಹುಟ್ಟಿದ್ದು 1984ರಲ್ಲಿ ಎಂಐಟಿಯಲ್ಲಿ, ನಾವು ಬಳಸುವ ಎಕ್ಸ್11 ಬಂದದ್ದು 1987ರಲ್ಲಿ. ವಯಸ್ಸಾಗಿದೆ, ಒಪ್ಪೋಣ. ಒಂದು ಅಪ್ಲಿಕೇಶನ್ ಇನ್ನೊಂದರಲ್ಲಿ ನೀವು ಏನು ಟೈಪ್ ಮಾಡುತ್ತಿದ್ದೀರಿ ಅಂತ ಕದ್ದು ನೋಡಬಹುದು, ಅದಕ್ಕೆ ಅಲ್ಲಿ ಅಡ್ಡಿಯಿಲ್ಲ. ಎರಡು ಮಾನಿಟರಿಗೆ ಎರಡು ಬೇರೆ ಅಳತೆ ಇಟ್ಟುಕೊಳ್ಳುವುದು ಅದರಲ್ಲಿ ಗೋಳು. ಬದಲಿಗೆ ವೇಲ್ಯಾಂಡ್ ಬೇಕು ಅಂತ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ 2008ರಲ್ಲಿ ಶುರು ಮಾಡಿದರು. ಅಲ್ಲಿಂದ ಇಲ್ಲಿಯವರೆಗೆ 'ಇನ್ನೇನು ಬಂತು' ಅನ್ನುತ್ತಲೇ ಬಂದರು. ಉಬುಂಟು 17.10ರಲ್ಲಿ ವೇಲ್ಯಾಂಡನ್ನು ಮೊದಲ ಆಯ್ಕೆ ಮಾಡಿತು. 18.04ರಲ್ಲಿ ತಪ್ಪಾಯಿತು ಅಂತ ಎಕ್ಸ್‌ಗೆ ವಾಪಸ್ ಬಂತು. 21.04ರಲ್ಲಿ ಮತ್ತೆ ವೇಲ್ಯಾಂಡ್. ಈ ಹೋಗಿಬರುವ ಆಟದಲ್ಲಿ ಬಳಕೆದಾರನನ್ನು ಕಾಪಾಡಿದ್ದು ಯಾವುದು? ಅದೇ ಗಿಯರ್. ಇವರ ಲೆಕ್ಕ ತಪ್ಪಿದಾಗಲೆಲ್ಲ ಜನ ಸುಮ್ನೆ ಗಿಯರ್ ಒತ್ತಿ 'ಉಬುಂಟು ಆನ್ ಎಕ್ಸಾರ್ಗ್' (ಎಕ್ಸಾರ್ಗ್ ಅಂದರೆ ಎಕ್ಸ್ ನಡೆಸುವ ಪ್ರೋಗ್ರಾಂ) ಆರಿಸಿಕೊಂಡು ಕೆಲಸ ನೋಡಿಕೊಂಡರು.

ಈಗ ಧೈರ್ಯ ಬಂದಿದೆ. 2024ರಲ್ಲಿ ಫೆಡೋರಾ 40 (ಉಬುಂಟುವಿನಂತೆ ಇನ್ನೊಂದು ಲಿನಕ್ಸ್) ತನ್ನ ಕೆಡಿಇ ಡೆಸ್ಕ್‌ಟಾಪ್ ಆವೃತ್ತಿಯಿಂದ ಎಕ್ಸ್ ಸೆಷನ್ ತೆಗೆಯಿತು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಅದನ್ನು ಬೇರೆ ಪ್ಯಾಕೇಜಾಗಿ ಕಟ್ಟಿಕೊಟ್ಟರು. ಇದಕ್ಕೆ ಅವಕಾಶ ಕೊಡಬೇಕೋ ಬೇಡವೋ ಅಂತ ದೊಡ್ಡ ಪಂಚಾಯಿತಿಯೇ ಆಯಿತು. ತೀರ್ಪು ಏನು ಗೊತ್ತಾ? ಪ್ಯಾಕೇಜ್ ಇರಬಹುದು, ಆದರೆ ಅಪ್‌ಗ್ರೇಡ್ ಮಾಡಿದವರಿಗೆ ತಾನಾಗಿ ಸಿಗಬಾರದು. ಬೇಕಾದವರು ಹುಡುಕಿಕೊಂಡು ಹೋಗಿ ಕೈಯಾರೆ ಹಾಕಿಕೊಳ್ಳಲಿ. ಅಂದರೆ ಮದ್ದು ಅಂಗಡಿಯಲ್ಲಿದೆ, ರೋಗಿಗೆ ಮಾತ್ರ ಹೇಳುವಂತಿಲ್ಲ. 2025ರಲ್ಲಿ ಬಂದ ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10 ಎಕ್ಸಾರ್ಗ್ ಸರ್ವರನ್ನೇ ಕೈಬಿಟ್ಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಉಬುಂಟು ಬಳಸುವ ಡೆಸ್ಕ್‌ಟಾಪ್ ಆದ ಗ್ನೋಮ್‌ನ 49ನೇ ಆವೃತ್ತಿ ತನ್ನ ಎಕ್ಸ್ ಸೆಷನ್ನನ್ನು, ಯಾರೂ ಕೈಯಾರೆ ಬದಲಿಸದಿದ್ದರೆ ಬಂದ್ ಇರುವ ಹಾಗೆ ಮಾಡಿತು, ಅಕ್ಟೋಬರಿನಲ್ಲಿ ಉಬುಂಟು 25.10 ಪಟ್ಟಿಯಿಂದ ಅದನ್ನು ಅಳಿಸಿತು. ಕೆಡಿಇಯವರು ತಮ್ಮ ಡೆಸ್ಕ್‌ಟಾಪ್ ಪ್ಲಾಸ್ಮಾದ 6.8ನೇ ಆವೃತ್ತಿಯಿಂದ ತಮ್ಮಲ್ಲೂ ಇಲ್ಲ ಅಂದಿದ್ದಾರೆ. ಅವರಾದರೂ 2027ರ ಆರಂಭದವರೆಗೆ ನೋಡಿಕೊಳ್ಳುತ್ತೇವೆ ಅಂತ ಮೊದಲೇ ಹೇಳಿದರು, ಅಷ್ಟು ಮರ್ಯಾದೆ ಕೊಟ್ಟಿದ್ದಕ್ಕೆ ನಮಸ್ಕಾರ. ಆದರೆ ಇದೆಲ್ಲ ಪ್ರಕಟವಾಗುವುದು ಡೆವಲಪರ್‌ಗಳು ಓದುವ ಜಾಗಗಳಲ್ಲಿ. ಸೋಮವಾರ ಬೆಳಿಗ್ಗೆ ಲಾಗಿನ್ ತೆರೆಯ ಮುಂದೆ ಕೂತ ಗುಮಾಸ್ತನಿಗೆ ಗೊತ್ತಿರುವುದು ಲಾಗಿನ್ ತೆರೆ ಮಾತ್ರ. ಅದು ಬಾಯಿ ಬಿಡುವುದಿಲ್ಲ.

'ವೇಲ್ಯಾಂಡ್ ಈಗ ಸಿದ್ಧವಾಗಿದೆ, ಎಕ್ಸ್ ಯಾರಿಗೂ ಬೇಕಿಲ್ಲ' ಅನ್ನುವುದು ಈಚಿನ ಮಂತ್ರ. ಯಾರಿಗೂ ಅಂದರೆ ಯಾರಿಗೆ? ಕಣ್ಣು ಕಾಣದವರು ಓರ್ಕಾ ಅನ್ನುವ ಸ್ಕ್ರೀನ್ ರೀಡರ್ ಬಳಸುತ್ತಾರೆ. ಅದರ ಕ್ಯಾಪ್ಸ್ ಲಾಕ್ ಶಾರ್ಟ್‌ಕಟ್‌ಗಳು ವೇಲ್ಯಾಂಡಿನಲ್ಲಿ ಸರಿಯಾಗಿ ಕೆಲಸ ಮಾಡತೊಡಗಿದ್ದು ಗ್ನೋಮ್ 48ರಲ್ಲಿ, ಅಂದರೆ 2025ರ ಮಾರ್ಚಿನಲ್ಲಿ. ಹಳೆಯ ದಾರಿ ಮುಚ್ಚಿದ್ದು ಅದರ ಮುಂದಿನ ಆವೃತ್ತಿಯಲ್ಲೇ. ಹೊಸ ರಸ್ತೆಯ ಡಾಂಬರು ಆರಲು ಆರು ತಿಂಗಳು ಕೊಟ್ಟಿದ್ದಾರೆ, ಜಾಸ್ತಿಯೇ ಆಯಿತು ಅಲ್ವಾ? ಎಕ್ಸ್‌ನಲ್ಲಿ ಕೀಲಿ, ಮೌಸುಗಳನ್ನು ತಾನೇ ಒತ್ತುವ ಎಕ್ಸ್‌ಡೂಟೂಲ್ ನಂಬಿಕೊಂಡು ದಿನದ ಕೆಲಸಕ್ಕೆ ಸ್ಕ್ರಿಪ್ಟ್ ಬರೆದಿಟ್ಟವರು, ಎಕ್ಸ್‌ಮಾಡ್‌ಮ್ಯಾಪ್‌ನಿಂದ ಕೀಲಿಗಳನ್ನು ಅದಲುಬದಲು ಮಾಡಿಕೊಂಡವರು, ಇವರೂ 'ಯಾರೂ' ಅನ್ನುವ ವರ್ಗಕ್ಕೆ ಸೇರಿದವರೇ.

ಕನ್ನಡ ಟೈಪ್ ಮಾಡುವವರಿಗೂ ಇದರಲ್ಲಿ ಒಂದು ಪಾಲು ಸಿಕ್ಕಿದೆ. ಎಕ್ಸ್‌ಕೆಬಿ ಅನ್ನುವ ಕೀಲಿಮಣೆ ವ್ಯವಸ್ಥೆಯಲ್ಲಿರುವ ಕಗಪ ವಿನ್ಯಾಸ ಪುಣ್ಯಕ್ಕೆ ವೇಲ್ಯಾಂಡಿನಲ್ಲೂ ಉಳಿದಿದೆ, ಎರಡೂ ಅದೇ ಕೀಲಿಮಣೆ ಕಡತಗಳನ್ನು ಓದುತ್ತವೆ. ಆದರೆ ಪ್ಲಾಸ್ಮಾದಲ್ಲಿ ಐಬಸ್ ಅನ್ನುವ ಟೈಪಿಂಗ್ ತಂತ್ರಾಂಶದ ಮೂಲಕ ಟೈಪ್ ಮಾಡುವವರಾದರೆ ಸೆಟ್ಟಿಂಗ್ಸ್ ತೆರೆದು 'ವರ್ಚುವಲ್ ಕೀಬೋರ್ಡ್' ಅನ್ನುವ ಪುಟಕ್ಕೆ ಹೋಗಬೇಕು. ಅಲ್ಲಿ 'ಐಬಸ್ ವೇಲ್ಯಾಂಡ್' ಆರಿಸಬೇಕು. ನಿಮ್ಮ ಬೆರಳ ಕೆಳಗೆ ಅಪ್ಪಟ ಪ್ಲಾಸ್ಟಿಕ್ಕಿನ, ಚಹಾ ಚೆಲ್ಲಿದ, ಅಸಲಿ ಕೀಬೋರ್ಡ್ ಇದೆ. ಅದರಲ್ಲಿ ಕನ್ನಡ ಮೂಡಬೇಕಾದರೆ ಇಲ್ಲದ ಕೀಬೋರ್ಡಿನ ಪುಟಕ್ಕೆ ಅರ್ಜಿ ಹಾಕಬೇಕು. ಅಪ್‌ಗ್ರೇಡ್ ಆದ ಮೇಲೆ ಸೆಷನ್ ಬದಲಾಗಿದೆ ಅಂತಲೇ ಗೊತ್ತಿಲ್ಲದವರು ಈ ಪುಟವನ್ನು ಯಾವ ಜನ್ಮದಲ್ಲಿ ಹುಡುಕುತ್ತಾರೆ? ಐಬಸ್ ಕೆಟ್ಟಿದೆ ಅಂದುಕೊಂಡು ಅದನ್ನೇ ತೆಗೆದು ಮತ್ತೆ ಹಾಕುತ್ತಾರೆ.

ಎಲ್ಲಕ್ಕಿಂತ ಮೋಜಿನ ಬಲೆ ಜಿಡಿಎಂನ 'ಕಸ್ಟಮ್ ಡಾಟ್ ಕಾನ್ಫ್' ಅನ್ನುವ ಫೈಲಿನಲ್ಲಿದೆ. ಅದರಲ್ಲಿ 'ವೇಲ್ಯಾಂಡ್‌ಎನೇಬಲ್ ಈಕ್ವಲ್ಸ್ ಫಾಲ್ಸ್' ಅಂತ ಒಂದು ಸಾಲು, ಮುಂದೆ ಅದನ್ನು ನಿಷ್ಕ್ರಿಯವಾಗಿಡುವ ಹ್ಯಾಶ್ ಚಿಹ್ನೆ. ಮೇಲ್ಗಡೆ ಅವರೇ ಟಿಪ್ಪಣಿ ಬರೆದಿದ್ದಾರೆ: ಲಾಗಿನ್ ತೆರೆ ಎಕ್ಸಾರ್ಗನ್ನೇ ಬಳಸಬೇಕಾದರೆ ಕೆಳಗಿನ ಸಾಲಿನ ಹ್ಯಾಶ್ ತೆಗೆಯಿರಿ. ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ದವರು, ಮೀಟಿಂಗಿನಲ್ಲಿ ಸ್ಕ್ರೀನ್ ಶೇರ್ ಆಗದೆ ಬೆವರಿದವರು ಎಷ್ಟೋ ಮಂದಿ ಹ್ಯಾಶ್ ತೆಗೆದರು. ಸಮಸ್ಯೆ ಹೋಯಿತು, ಫೈಲ್ ಮರೆತೂಹೋಯಿತು. ಆ ಸಾಲು ಇದ್ದರೆ ಜಿಡಿಎಂ ವೇಲ್ಯಾಂಡ್ ಸೆಷನ್‌ಗಳನ್ನು ಪಟ್ಟಿಗೆ ಸೇರಿಸುವುದಿಲ್ಲ. ಇತ್ತ ಅಪ್‌ಗ್ರೇಡ್ ಬಂದು ಎಕ್ಸ್ ಸೆಷನ್ ತೆಗೆಯುತ್ತದೆ. ನಿಮ್ಮ ಫೈಲಿನ ಪ್ರಕಾರ ವೇಲ್ಯಾಂಡ್ ಕೂಡದು, ಅವರ ನಿರ್ಧಾರದ ಪ್ರಕಾರ ಎಕ್ಸ್ ಕೂಡದು. ಎರಡು ಇಲಾಖೆ, ಎರಡು ಆದೇಶ, ಎರಡೂ ಏಕಕಾಲಕ್ಕೆ ಜಾರಿ. ಇಷ್ಟು ಅಚ್ಚುಕಟ್ಟಾಗಿ ಪಾಲನೆಯಾಗುವುದು ಸರ್ಕಾರದಲ್ಲೂ ಅಪರೂಪ.

ಬಲ್ಲವರನ್ನು ಕೇಳಿದರೆ ಪರಿಹಾರ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ, ಕಪ್ಪು ತೆರೆ ಬರುತ್ತದೆ, ಅಲ್ಲಿ ಲಾಗಿನ್ ಆಗಿ, ಆ ಎರಡು ಫೋಲ್ಡರಿನಲ್ಲಿ ಏನಿದೆ ನೋಡಿ, ಆ ಸಾಲಿಗೆ ಹ್ಯಾಶ್ ಹಾಕಿ, ಜಿಡಿಎಂ ರೀಸ್ಟಾರ್ಟ್ ಮಾಡಿ. ಸಲಹೆ ಸರಿಯಾಗಿಯೇ ಇದೆ, ಬೇಕಾದವರು ಬರೆದಿಟ್ಟುಕೊಳ್ಳಿ. ಆದರೆ ಹಿಂದೆಯೇ ಒಂದು ಪ್ರಶ್ನೆ ಬರುತ್ತದೆ ನೋಡಿ: 'ರಿಲೀಸ್ ನೋಟ್ಸ್ ಓದಲಿಲ್ಲವಾ?' ಲಾಗಿನ್ ಆಗಲು ಸಾಧ್ಯವಾಗದವನಿಗೆ ಅದನ್ನು ಎಲ್ಲಿ ಓದಬೇಕು ಅಂತ ಮಾತ್ರ ಹೇಳುವುದಿಲ್ಲ. ಇನ್ನು ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ, ಲಿನಕ್ಸ್ ಅಂದರೆ ಸ್ವಾತಂತ್ರ್ಯ, ಬೇಡವಾದರೆ ಬೇರೆ ಡಿಸ್ಟ್ರೋ (ಲಿನಕ್ಸಿನ ಬೇರೆ ತಳಿ) ಹಾಕಿಕೊಳ್ಳಿ ಅನ್ನುತ್ತಾರೆ. ನೂರಾರು ಡಿಸ್ಟ್ರೋಗಳಿವೆ, ನಿಜ. ಊರು ಬದಲಿಸುವ ಸ್ವಾತಂತ್ರ್ಯ ಧಾರಾಳವಾಗಿದೆ, ಒಂದು ಮೆನು ಉಳಿಸಿಕೊಳ್ಳುವುದು ಮಾತ್ರ ಕಷ್ಟ.

ಎಕ್ಸ್ ಅನ್ನು ಶಾಶ್ವತವಾಗಿ ಸಾಕಿ ಅಂತ ಯಾರೂ ಹಠ ಹಿಡಿದಿಲ್ಲ. ಅದನ್ನು ನೋಡಿಕೊಳ್ಳಲು ಜನ ಇಲ್ಲ, ಇದ್ದವರೇ ಬೇಸತ್ತು ವೇಲ್ಯಾಂಡ್ ಕಡೆ ಹೋದವರು. ಹಳೆಯ ಅಪ್ಲಿಕೇಶನ್‌ಗಳು ಎಕ್ಸ್‌ವೇಲ್ಯಾಂಡ್ ಅನ್ನುವ ಏರ್ಪಾಡಿನಲ್ಲಿ ಈಗಲೂ ಓಡುತ್ತವೆ, ಬಹುಪಾಲು ಜನರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಗೊತ್ತಾಗುವ ಉಳಿದವರಿಗೆ ಲಾಗಿನ್ ತೆರೆಯಲ್ಲಿ ಒಂದು ಸಾಲು ಸಾಕಿತ್ತು: 'ನೀವು ಬಳಸುತ್ತಿದ್ದ ಸೆಷನ್ ಈ ಆವೃತ್ತಿಯಲ್ಲಿ ಇಲ್ಲ, ಇದಕ್ಕೆ ಕಳಿಸುತ್ತಿದ್ದೇವೆ.' ಕಾನ್ಫಿಗ್ ಫೈಲಿನ ಅಲ್ಪವಿರಾಮ ಬದಲಾದರೂ ನಾಲ್ಕು ಆಯ್ಕೆ ಕೊಟ್ಟು ಕೇಳುವವರಿಗೆ ಇದು ಯಾಕೋ ಹೊಳೆಯಲಿಲ್ಲ.

ಸದ್ಯಕ್ಕೆ ಉಬುಂಟು 24.04ರಲ್ಲಿ ಇರುವವರು ಅವಸರ ಮಾಡಬೇಕಾಗಿಲ್ಲ, ಅದಕ್ಕೆ 2029ರವರೆಗೆ ಬೆಂಬಲ ಇದೆ, ಎಕ್ಸ್ ಸೆಷನ್ನೂ ಇದೆ. ಈಗಾಗಲೇ ಮುಂದೆ ಹೋದವರಿಗೆ ಗಿಯರ್ ಇಲ್ಲದೆ ಮನಸ್ಸಿಗೆ ಕಸಿವಿಸಿ ಆಗುತ್ತಿದ್ದರೆ ಒಂದು ಉಪಾಯವಿದೆ. ಎಕ್ಸ್‌ಎಫ್‌ಸಿಇ ಅನ್ನುವ ಇನ್ನೊಂದು ಡೆಸ್ಕ್‌ಟಾಪ್ ಹಾಕಿಕೊಳ್ಳಿ. ಬಳಸಬೇಕು ಅಂತೇನಿಲ್ಲ. ಸೆಷನ್ ಫೋಲ್ಡರಿನಲ್ಲಿ ಇನ್ನೊಂದು ಫೈಲ್ ಬಂದು ಕೂತರೆ ಸಾಕು, ಪಟ್ಟಿಯ ಲೆಕ್ಕ ಒಂದರಿಂದ ಮೇಲೇರುತ್ತದೆ, ಮುಂದಿನ ಲಾಗಿನ್‌ನಲ್ಲಿ ಗಿಯರ್ ಏನೂ ಆಗಿಯೇ ಇಲ್ಲ ಅನ್ನುವಂತೆ ಬಲಮೂಲೆಯಲ್ಲಿ ಹಾಜರ್. ಡಿಸ್ಕಿನಲ್ಲಿ ಒಂದಿಷ್ಟು ಜಾಗ ಹೋಗುತ್ತದೆ, ಹೋಗಲಿ ಬಿಡಿ.