ಗೃಹಸಾಲಕ್ಕೆ ಮುನ್ನ ಪೂರ್ಣ ವೆಚ್ಚದ ಪಟ್ಟಿ ಕಡ್ಡಾಯವಾಗಬೇಕೆ?

ಮೊದಲ ಸಲ ಮನೆ ಕೊಳ್ಳುವವರಿಗೆ ಸಾಲ ಮಂಜೂರು ಮಾಡುವ ಮುನ್ನ, ಮನೆಯ ಬೆಲೆ ಮತ್ತು ತಿಂಗಳ ಕಂತಿನ ಜೊತೆಗೆ ನೋಂದಣಿ, ನೀರು, ತೆರಿಗೆ, ದುರಸ್ತಿಗಳನ್ನೂ ಸೇರಿಸಿದ ಐದು ವರ್ಷಗಳ ವೆಚ್ಚದ ಪಟ್ಟಿಯೊಂದನ್ನು ಬ್ಯಾಂಕು ಅವರೊಡನೆ ಕುಳಿತು ಬರೆಯಲೇಬೇಕು ಎಂಬ ನಿಯಮ ಬೇಕೆ? ಎರಡೂ ಪಕ್ಷಗಳನ್ನು ಇಲ್ಲಿ ನಾನೇ ವಾದಿಸಿದ್ದೇನೆ. ಒಲವು ಮೊದಲನೆಯದರ ಕಡೆಗಿದ್ದರೂ, ಎರಡನೆಯದನ್ನು ಬರೆಯುವಾಗ ಕೈ ಎಲ್ಲಿಯೂ ತಡವರಿಸಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಪರ

ಹುಬ್ಬಳ್ಳಿಯಲ್ಲಿ 40 ಲಕ್ಷ ರೂಪಾಯಿಯ ಕಟ್ಟಿದ ಮನೆಯೊಂದನ್ನು ಕೊಳ್ಳಲು ಹೊರಟ ಸಂಬಳದಾರರು ಹಾಕುವ ಮೊದಲ ಲೆಕ್ಕ ಬಹಳ ಸರಳ: ಬ್ಯಾಂಕು ಶೇ 80ರಷ್ಟು, ಅಂದರೆ 32 ಲಕ್ಷ ಕೊಡುತ್ತದೆ, ಕೈಯಿಂದ 8 ಲಕ್ಷ ಹಾಕಿದರಾಯಿತು. ಈ ಲೆಕ್ಕ ತಪ್ಪುವುದು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ. ಮುದ್ರಾಂಕ ಶುಲ್ಕ ಶೇ 5ರಂತೆ 2 ಲಕ್ಷ. ಆ ಶುಲ್ಕದ ಮೇಲೆ ಶೇ 10 ಸೆಸ್ಸು 20,000, ಶೇ 2 ಸರ್ಚಾರ್ಜು 4,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿರುವುದರಿಂದ ಅದು 80,000. ಒಟ್ಟು 3,04,000 ರೂಪಾಯಿ. ಮನೆಯ ಬೆಲೆ ಹತ್ತು ಲಕ್ಷದೊಳಗಿದ್ದರೆ ಮಾತ್ರ ಈ ಶುಲ್ಕಗಳನ್ನು ಬೆಲೆಯೊಳಗೆ ಸೇರಿಸಿ ಸಾಲ ಕೊಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಉಳಿದವರೆಲ್ಲ ಅದನ್ನು ಸ್ವಂತ ಕೈಯಿಂದಲೇ ಕಟ್ಟಬೇಕು. ಹೀಗಾಗಿ ಬೇಕಿದ್ದದ್ದು 8 ಲಕ್ಷವಲ್ಲ, 11 ಲಕ್ಷದ ಮೇಲೆ. ಅಷ್ಟು ಹೊತ್ತಿಗೆ ಸಂಚಕಾರ ಕೊಟ್ಟಾಗಿರುತ್ತದೆ, ಹಿಂದೆ ಸರಿದರೆ ಅದು ಮುಳುಗುತ್ತದೆ. ಆದ್ದರಿಂದ ಆ ಮೂರು ಲಕ್ಷವು ಮನೆಯ ಬಂಗಾರ ಒತ್ತೆಯಿಟ್ಟೋ, ಗೃಹಸಾಲಕ್ಕಿಂತ ಹೆಚ್ಚು ಬಡ್ಡಿಯ ವೈಯಕ್ತಿಕ ಸಾಲ ತೆಗೆದೋ ಬರುತ್ತದೆ. 32 ಲಕ್ಷಕ್ಕೆ ಶೇ 8.5ರ ಬಡ್ಡಿಯಲ್ಲಿ ಇಪ್ಪತ್ತು ವರ್ಷಕ್ಕೆ ತಿಂಗಳ ಕಂತೇ ಸುಮಾರು 27,770 ರೂಪಾಯಿ. ಅದರ ಬೆನ್ನಿಗೆ ಇನ್ನೊಂದು ಕಂತು ಏರುತ್ತದೆ.

ಬ್ಯಾಂಕುಗಳು ಏನನ್ನೂ ಹೇಳುವುದಿಲ್ಲವೆಂದಲ್ಲ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಚಿಲ್ಲರೆ ಸಾಲಗಳಿಗೆಲ್ಲ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಪತ್ರವನ್ನು, ಅದೂ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ, ಕೊಡಬೇಕೆಂಬ ನಿಯಮ ಬಂದಿದೆ. ಬಡ್ಡಿ, ಸಂಸ್ಕರಣಾ ಶುಲ್ಕ, ವಿಮೆ ಇವೆಲ್ಲ ಸೇರಿ ಸಾಲ ವರ್ಷಕ್ಕೆ ಎಷ್ಟು ಬೀಳುತ್ತದೆ ಎಂಬುದು ಅದರಲ್ಲಿರುತ್ತದೆ. ಒಳ್ಳೆಯ ಪತ್ರವೇ, ಆದರೆ ಅದು ಹೇಳುವುದು ಸಾಲದ ಬೆಲೆಯನ್ನು, ಮನೆಯ ಬೆಲೆಯನ್ನಲ್ಲ.

ಮನೆಯ ಬೆಲೆ ಈ ಊರಲ್ಲಿ ನೀರಿನಿಂದ ಆರಂಭವಾಗುತ್ತದೆ. ಅವಳಿನಗರಕ್ಕೆ ಮುಖ್ಯವಾಗಿ ಮಲಪ್ರಭೆಯ ನೀರು ಬರುತ್ತದೆ. ನಿರಂತರ ನೀರಿನ ಯೋಜನೆ 2008ರಲ್ಲಿಯೇ ಕೆಲವು ವಾರ್ಡುಗಳಲ್ಲಿ ಮೊದಲಾದರೂ, ಅದು ತಲುಪದ ಬಡಾವಣೆಗಳಲ್ಲಿ ನಳಕ್ಕೆ ಕೆಲವು ದಿನಗಳಿಗೊಮ್ಮೆ ಮಾತ್ರ ನೀರು ಬರುತ್ತದೆ. ಅಂಥಲ್ಲಿ ನೆಲದಡಿಯ ಸಂಪು, ಮೇಲಿನ ಟಾಕಿ, ಎತ್ತುವ ಮೋಟಾರು ಇವು ಸೌಕರ್ಯವಲ್ಲ, ಅಗತ್ಯ; ನೀರು ತಡವಾದ ವಾರ ಟ್ಯಾಂಕರಿನ ದುಡ್ಡು ಬೇರೆ. ಮನೆ ತೋರಿಸಲು ಕರೆದೊಯ್ದವರು ಸಂಪಿನ ಮುಚ್ಚಳವನ್ನು ತೋರಿಸುತ್ತಾರೆಯೇ ಹೊರತು ಅದು ಎಷ್ಟು ದಿನಕ್ಕೆ ಸಾಲುತ್ತದೆ ಎಂಬುದನ್ನು ಹೇಳುವುದಿಲ್ಲ.

ಎರಡನೆಯದು ನೆಲ. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು ಸಿಗುತ್ತದೆ. ಹುಬ್ಬಳ್ಳಿಯಿಂದ ಮೂಡಲಕ್ಕೆ, ಅಣ್ಣಿಗೇರಿ, ಗದಗಿನ ಕಡೆ ಹೋದಂತೆಲ್ಲ ಎರೆ ನೆಲ. ಹತ್ತಿಗೂ ಕಡಲೆಗೂ ಒದಗಿಬಂದ ಈ ಮಣ್ಣು ಗೋಡೆಗೆ ಒದಗುವುದಿಲ್ಲ, ಯಾಕೆಂದರೆ ಅದು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಎರೆಯನ್ನು ತೆಗೆದು ಗರಸು ತುಂಬಬೇಕು, ಇಲ್ಲವೆ ಗಟ್ಟಿ ಪದರ ಸಿಗುವವರೆಗೆ ಕಂಬಗಳನ್ನು ಇಳಿಸಿ ಅವುಗಳ ಮೇಲೆ ತೊಲೆ ಕಟ್ಟಬೇಕು. ಗದಗ ರಸ್ತೆಯ ಕಡೆಯ ಹೊಸ ಬಡಾವಣೆಯಲ್ಲಿ ನಾವು ಕೊಂಡ ಮನೆಯ ಕಂಪೌಂಡ್ ಗೋಡೆಗೆ ಕಟ್ಟಿದವರು ಹೆಚ್ಚೆಂದರೆ ಎರಡಡಿ ಪಾಯ ತೆಗೆದಿದ್ದರು. ಮೊದಲ ಮಳೆಗಾಲ ಕಳೆದು ಬಂದ ಬೇಸಿಗೆಯಲ್ಲಿ ಅದು ರಸ್ತೆಯತ್ತ ವಾಲಿತು. ಗೇಟಿನ ಚಿಲಕ ತನ್ನ ತೂತಿಗಿಂತ ಒಂದು ಬೆರಳು ಪಕ್ಕಕ್ಕೆ ಸರಿದಿತ್ತು. ನಮ್ಮ ತಾಯಿಯವರು ಅದಕ್ಕೊಂದು ಸುತಳಿ ಕಟ್ಟಿ ಎರಡು ವರ್ಷ ನಡೆಸಿದರು. ಅಡುಗೆಮನೆಯ ಮೂಲೆಯಲ್ಲಿ ಎದ್ದ ಬಿರುಕಿಗೆ ಗೌಂಡಿ ಬಂದು ಸಿಮೆಂಟು ಮೆತ್ತಿ ಹೋದ, ಮುಂದಿನ ಬೇಸಿಗೆಗೆ ಬಿರುಕು ಮೆತ್ತಿದ ಜಾಗದ ಪಕ್ಕದಲ್ಲೇ ಹೊಸ ದಾರಿ ಹಿಡಿಯಿತು. ಇಂಥ ನೆಲದಲ್ಲಿ ದುರಸ್ತಿ ಎಂಬುದು ಆಕಸ್ಮಿಕವಲ್ಲ, ತೆರಿಗೆಯಂತೆಯೇ ಗೊತ್ತಿರುವ ಖರ್ಚು; ಗೊತ್ತಿರುವ ಖರ್ಚನ್ನು ಬರೆದುಕೊಳ್ಳದಿರಲು ಕಾರಣವೇ ಇಲ್ಲ.

ಜಾಗ ಕೊಂಡು ತಾವೇ ಕಟ್ಟಿಸುವವರ ಪಾಡು ಇನ್ನೂ ಇಕ್ಕಟ್ಟಿನದು. ಬ್ಯಾಂಕು ಹಣವನ್ನು ಕೆಲಸದ ಹಂತ ನೋಡಿ ಬಿಡುಗಡೆ ಮಾಡುತ್ತದೆ, ಬಿಡುಗಡೆಯಾದಷ್ಟಕ್ಕೆ ಬಡ್ಡಿ ಅಂದಿನಿಂದಲೇ ಶುರು. ಉಸುಕು ಸಿಗದೆಯೋ ಗೌಂಡಿ ಸಿಗದೆಯೋ ಕೆಲಸ ಆರು ತಿಂಗಳು ತಡವಾದರೆ, ಇದ್ದ ಮನೆಯ ಬಾಡಿಗೆಯನ್ನೂ ಇನ್ನೂ ಇಲ್ಲದ ಮನೆಯ ಬಡ್ಡಿಯನ್ನೂ ಒಂದೇ ಸಂಬಳದಲ್ಲಿ ಕಟ್ಟಬೇಕು. ಇದರ ಮೇಲೆ ಬದಲಾಗುವ ಬಡ್ಡಿಯ ಮಾತು: 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಶೇ 4ರಿಂದ 6.5ಕ್ಕೆ ಏರಿದಾಗ ಅನೇಕರ ಸಾಲದ ಅವಧಿ ಅವರ ಗಮನಕ್ಕೂ ಬಾರದೆ ಉದ್ದವಾಯಿತು. ಇವನ್ನೆಲ್ಲ ಒಂದು ಹಾಳೆಯಲ್ಲಿ, ಸಂಚಕಾರ ಕೊಡುವ ಮೊದಲೇ ನೋಡಿದವರು ಅದೇ ಮನೆಯನ್ನು ಎರಡು ವರ್ಷ ಬಿಟ್ಟು ಕೊಂಡಾರು, ಅಥವಾ 32 ಲಕ್ಷದ ಮನೆ ಹುಡುಕಿಯಾರು. ಒಟ್ಟಿನಲ್ಲಿ ಮನೆ ಕೊಳ್ಳಬೇಡಿ ಎಂದು ಆ ಹಾಳೆ ಹೇಳುವುದಿಲ್ಲ.

ವಿರೋಧ

ಹುಬ್ಬಳ್ಳಿಯ ಯಾವುದೇ ಓಣಿಯಲ್ಲಿ ತಲೆಯೆತ್ತಿ ನೋಡಿದರೆ ತಾರಸಿಗಳ ಮೇಲೆ ಕಂಬದ ಸರಳುಗಳು ನಿಂತಿರುವುದು ಕಾಣುತ್ತದೆ. ಕೆಲವದಕ್ಕೆ ತುಕ್ಕು ಹಿಡಿಯದಿರಲೆಂದು ಬಾಟಲಿ ಬೋರಲು ಹಾಕಿರುತ್ತಾರೆ. ಮೇಲಿನ ಮಹಡಿ ಮಗಳ ಓದು ಮುಗಿದ ಮೇಲೆ, ಇಲ್ಲವೆ ಊರ ಕಡೆಯ ಹತ್ತಿಗೆ, ಬ್ಯಾಡಗಿ ಮೆಣಸಿನಕಾಯಿಗೆ ದರ ಬಂದ ವರ್ಷ ಏಳುತ್ತದೆ. ಈ ಭಾಗದಲ್ಲಿ ಮನೆಯೆಂಬುದು ಒಂದೇ ದಿನ ಕೊಂಡು ಮುಗಿಸುವ ವಸ್ತುವಲ್ಲ, ಇಪ್ಪತ್ತು ವರ್ಷ ಕಟ್ಟುತ್ತಲೇ ಇರುವ ಕೆಲಸ. ಬಾಗಿಲಿಗೆ ಸಾಗವಾನಿ ಸೋದರಮಾವನ ಮನೆಯಿಂದ ಬರುತ್ತದೆ, ನೀರು ಹೊಡೆಯಲು ತಮ್ಮ ನಿಲ್ಲುತ್ತಾನೆ. ಇದನ್ನು ಐದು ವರ್ಷದ ಪಟ್ಟಿಯ ಯಾವ ಸಾಲಿನಲ್ಲಿ ಬರೆಯಬೇಕು? ಬರೆಯಲಾಗದ್ದನ್ನು ಬ್ಯಾಂಕು ಇಲ್ಲವೆಂದೇ ಎಣಿಸುತ್ತದೆ. ಆಗ ಖರ್ಚುಗಳೆಲ್ಲ ಪಟ್ಟಿಯಲ್ಲಿ ಉಳಿದು, ಆಸರೆಗಳೆಲ್ಲ ಹೊರಗೆ ಬೀಳುತ್ತವೆ.

ಬರೆದ ಅಂಕಿ ಸುಮ್ಮನೆ ಕೂರುವುದಿಲ್ಲ ಎಂಬುದು ಇನ್ನೂ ದೊಡ್ಡ ಆತಂಕ. ಇಂದು ತಿಳಿವಳಿಕೆಗಾಗಿ ಎಂದು ತುಂಬಿಸಿಕೊಂಡ ಪಟ್ಟಿ ನಾಳೆ ಅರ್ಹತೆಯ ಅಳತೆಗೋಲಾಗುತ್ತದೆ. ಸಂಬಳದ ಚೀಟಿ ಇರುವ ನೌಕರನಿಗೆ ಸಾಲದ ಮೊತ್ತ ಎರಡು ಲಕ್ಷ ಕಡಿಮೆಯಾದೀತು; ದುರ್ಗದಬೈಲಿನಲ್ಲಿ ಬಟ್ಟೆಯ ಗಾಡಿ ಇಟ್ಟವರಿಗೆ, ಗಳಿಕೆಯ ಕಾಗದವೇ ತೆಳ್ಳಗಿರುವವರಿಗೆ, ಅರ್ಜಿಯೇ ವಾಪಸು ಬರುತ್ತದೆ. ಬ್ಯಾಂಕು ಬಾಗಿಲು ಹಾಕಿದ ಮೇಲೆ ತೆರೆದಿರುವ ಬಾಗಿಲುಗಳು ಯಾವುವು ಎಂಬುದು ಉತ್ತರ ಕರ್ನಾಟಕಕ್ಕೆ ಚೆನ್ನಾಗಿ ಗೊತ್ತು. ಸಣ್ಣ ಸಾಲಗಳ ವಸೂಲಿಯ ಕಿರುಕುಳವನ್ನು ತಡೆಯಲು ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಇನ್ನು, ಕಾಯುವುದಕ್ಕೂ ದುಡ್ಡು ಹತ್ತುತ್ತದೆ. 40 ಲಕ್ಷದ ಮನೆಯನ್ನು 2025ರ ಆಗಸ್ಟ್ 30ರೊಳಗೆ ನೋಂದಾಯಿಸಿದವರು ನೋಂದಣಿ ಶುಲ್ಕವಾಗಿ 40,000 ಕಟ್ಟಿದರು, ಲೆಕ್ಕ ಸರಿಹೋಗಲೆಂದು ಕಾದವರು 80,000 ಕಟ್ಟಿದರು. ಬಾಡಿಗೆ ಏರುತ್ತಿರುತ್ತದೆ, ಜಾಗದ ದರ ಏರುತ್ತಿರುತ್ತದೆ. ‘ಈಗ ಕೊಳ್ಳದಿದ್ದರೆ’ ಎಂಬ ಸಾಲು ಆ ಪಟ್ಟಿಯಲ್ಲಿ ಇರುವುದಿಲ್ಲ.

ಪಟ್ಟಿಯನ್ನು ತುಂಬುವವರಾದರೂ ಯಾರು? ನಿಯಮದ ಪ್ರಕಾರ ಅಧಿಕಾರಿ, ವಾಸ್ತವದಲ್ಲಿ ಸಾಲ ಮಾಡಿಸಿಕೊಡುವ ಏಜೆಂಟ್. ಗೃಹಸಾಲದ ಕಡತಕ್ಕೆ ಸಹಿ ಹಾಕಿದವರಿಗೆ ನೆನಪಿರುತ್ತದೆ: ಹಾಳೆ ತಿರುವುವ ಬೆರಳು ನಿಲ್ಲುವುದು ಸಹಿಯ ಜಾಗದಲ್ಲಿ ಮಾತ್ರ. ಕೀ ಫ್ಯಾಕ್ಟ್ಸ್ ಪತ್ರವನ್ನು ಕೂತು ಓದಿದವರನ್ನು ನಾನಂತೂ ಇನ್ನೂ ಕಂಡಿಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಕೊಂಡವರನ್ನು ನಿಜವಾಗಿ ಮುಳುಗಿಸುವುದು ಸಂಪು, ಸುಣ್ಣ-ಬಣ್ಣಗಳ ಖರ್ಚಲ್ಲ. ಮಂಜೂರಾಗದ ಬಡಾವಣೆಯ ಗುಂಟೆ ಜಾಗ, ಉತಾರದಲ್ಲಿ (ಆಸ್ತಿಯ ದಾಖಲೆಯಲ್ಲಿ) ಉಳಿದುಹೋದ ಅಣ್ಣತಮ್ಮಂದಿರ ಹೆಸರು, ಹೇಳದೆ ಕೊಟ್ಟ ಬಿ ಖಾತೆ (ಅನಧಿಕೃತ ಆಸ್ತಿಯ ಖಾತೆ), ಇವು ಜೀವಮಾನದ ಗಳಿಕೆಯನ್ನು ನುಂಗುತ್ತವೆ. ಕಟ್ಟಡದ ದೋಷಕ್ಕೂ ಕಾನೂನಿದೆ: 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಂತೆ ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ರಚನಾದೋಷ ತೋರಿಸಿದರೆ 30 ದಿನಗಳಲ್ಲಿ ಬಿಲ್ಡರ್ ಸ್ವಂತ ಖರ್ಚಿನಲ್ಲಿ ಸರಿಪಡಿಸಿಕೊಡಬೇಕು. ಆದರೆ 500 ಚದರ ಮೀಟರಿಗೆ ಮೀರದ ಜಾಗದ ಇಲ್ಲವೆ ಎಂಟಕ್ಕೆ ಮೀರದ ಮನೆಗಳ ಯೋಜನೆಗೆ ನೋಂದಣಿಯೇ ಬೇಕಿಲ್ಲ, ಮತ್ತು ನಮ್ಮೂರಲ್ಲಿ ನಾಲ್ಕು ಮನೆ ಕಟ್ಟಿ ಮಾರುವವರೇ ಬಹಳ. ಈ ಕಿಂಡಿಯನ್ನು ಮುಚ್ಚುವ ಶ್ರಮವನ್ನು ಬಿಟ್ಟು, ಕೊಳ್ಳುವವರ ಕೈಗೆ ಪೆನ್ನು ಕೊಟ್ಟು ನಿಮ್ಮ ಗೋಡೆ ಯಾವಾಗ ಬಿರಿಯುತ್ತದೆ ಬರೆಯಿರಿ ಎನ್ನುವುದು, ಕಟ್ಟಿದವರ ಹೊಣೆಯನ್ನು ಕೊಂಡವರ ತಲೆಗೆ ಹಾಕಿದಂತೆ.

ನಮ್ಮ ಮನೆಯ ಸಂಗತಿಯನ್ನೇ ತೆಗೆದುಕೊಳ್ಳಿ. ಅಂಥದೊಂದು ಪಟ್ಟಿ ಆಗ ಇದ್ದಿದ್ದರೂ, ಕಂಪೌಂಡಿನ ದುರಸ್ತಿ ಎಂಬ ಸಾಲಿನಲ್ಲಿ ನಾನು ಸೊನ್ನೆಯನ್ನೇ ಬರೆದಿರುತ್ತಿದ್ದೆ. ನೋಡಲು ಹೋದ ದಿನ ಗೋಡೆ ನೆಟ್ಟಗಿತ್ತು, ಗೇಟಿನ ಚಿಲಕ ಒಂದೇ ಸಲಕ್ಕೆ ಕೂತಿತ್ತು.