ಬೆಣೆ ಗುರುತಿಗೂ ಹರಪ್ಪ ಗೋತ್ರ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ನೀರಿಗೆ ಬರ ಉಂಟು, ಬಂಡೆಗೆ ಇಲ್ಲ. ಸಾವಿರದೈನೂರು ಅಡಿ ಕೊರೆಸಿದರೂ ಬೋರ್‌ವೆಲ್‌ನಲ್ಲಿ ದೂಳೇ ಏಳುವ ಊರಿನಲ್ಲೂ ಊರಾಚೆ ಒಂದು ಹಾಸುಬಂಡೆ ಇದ್ದೇ ಇರುತ್ತದೆ. ಅದರ ಮೇಲೆ ರಾಗಿ ಬಡಿಯುವುದು, ಹುರುಳಿ ಒಣಗಿಸುವುದು ವಾಡಿಕೆ. 2025ರ ಜನವರಿಯಲ್ಲಿ ತಮಿಳುನಾಡಿನ ಮುಖ್ಯಮಂತ್ರಿಗಳು ಹರಪ್ಪ, ಮೊಹೆಂಜೊದಾರೊ ಜನರ, ಇನ್ನೂ ಯಾರಿಗೂ ಓದಲಾಗದ ಸಿಂಧೂ ಲಿಪಿ ಬಿಡಿಸಿದವರಿಗೆ ಹತ್ತು ಲಕ್ಷ ಡಾಲರ್ ಬಹುಮಾನ ಸಾರಿದ್ದೇ ತಡ, ಹುರುಳಿ ಪಕ್ಕಕ್ಕೆ ಸರಿದು ಬಂಡೆಗೇ ಬೆಲೆ ಬಂತು. ಹರಪ್ಪ ಇಲ್ಲಿಂದ ಸುಮಾರು ಎರಡು ಸಾವಿರ ಕಿಲೋಮೀಟರ್ ದೂರವಂತೆ. ಇರಲಿ ಬಿಡಿ, ವಾಟ್ಸಾಪಿಗೆ ಅದೆಷ್ಟು ಹೊತ್ತಿನ ದಾರಿ?

ನಮ್ಮೂರಿನಲ್ಲೂ ಒಂದು ಪ್ರಾಚೀನ ಲಿಪಿ ಇದ್ದೇ ತೀರಬೇಕು ಎಂದು ಹಟ ಹಿಡಿದವರಿಗೆ ಕೆಲಸದ ಕ್ರಮ ಹೀಗಿದೆ.

ಮೊದಲು ಬೆಣೆ ಗುರುತು ಹುಡುಕಿ. ಬಂಡೆಯ ಅಂಚಿನಲ್ಲಿ ಅರ್ಧರ್ಧ ಗೇಣಿಗೆ ಒಂದರಂತೆ, ಎರಡು ಮೂರು ಅಂಗುಲ ಆಳಕ್ಕೆ, ಸಾಲಾಗಿ ಉದ್ದುದ್ದ ಗುಳಿಗಳಿರುತ್ತವೆ. ಕಲ್ಲು ಒಡೆಯುವವರು ಗೆರೆ ಹಾಕಿ, ಉಳಿಯಿಂದ ಗುಳಿ ಹೊಡೆದು, ಒಂದೊಂದಕ್ಕೂ ಕಬ್ಬಿಣದ ಬೆಣೆ ಇಟ್ಟು, ಈ ತುದಿಯಿಂದ ಆ ತುದಿಗೆ ಸಮನಾಗಿ ಸುತ್ತಿಗೆ ಬಿಡುತ್ತಾ ಹೋಗುತ್ತಾರೆ. ಆತುರಪಟ್ಟು ಒಂದೇ ಬೆಣೆಗೆ ಜೋರಾಗಿ ಬಿಟ್ಟರೆ ಸೀಳು ಗೆರೆ ತಪ್ಪಿ ಓಡುತ್ತದೆ. ಕೆಟ್ಟ ಕಲ್ಲನ್ನು ಅಲ್ಲೇ ಬಿಟ್ಟು ಮುಂದಿನ ಬಂಡೆಗೆ ಹೋಗುತ್ತಾರೆ. ನೆಟ್ಟಗೆ ಸೀಳಿದರೆ ಪ್ರತಿ ಗುಳಿಯೂ ಎರಡು ಪಾಲು: ಅರ್ಧ ಕಲ್ಲುಕೂಚದ (ಕಲ್ಲುಕಂಬದ) ಜತೆ ದ್ರಾಕ್ಷಿ ತೋಟಕ್ಕೆ ಹೋಗುತ್ತದೆ, ಅರ್ಧ ಬಂಡೆಯಲ್ಲೇ ಹಲ್ಲಿನ ಸಾಲಿನ ಹಾಗೆ ಉಳಿಯುತ್ತದೆ. ಆ ಉಳಿದರ್ಧವೇ ನಿಮ್ಮ ಮೊದಲ ಅಕ್ಷರಮಾಲೆ. ಯಾವ ಕಾರಣಕ್ಕೂ ಕಲ್ಲು ಒಡೆಯುವವರನ್ನು ಕರೆದು ತೋರಿಸಬೇಡಿ. ನೀವು ಕಷ್ಟಪಟ್ಟು ಕೂಡಿಸಿದ ಐದು ಸಾವಿರ ವರ್ಷವನ್ನು ಎರಡೇ ನಿಮಿಷದಲ್ಲಿ ಕಳೆದುಬಿಡುತ್ತಾರೆ.

ಅದೇ ಬಂಡೆಯ ಇನ್ನೊಂದು ಮೂಲೆಯಲ್ಲಿ ನುಣ್ಣಗೆ ಸವೆದ ಉದ್ದನೆಯ ತೋಡುಗಳು ಕಂಡರೆ ಅವನ್ನು ಬಿಟ್ಟುಬಿಡಿ. ಹೊಸ ಶಿಲಾಯುಗದ ಜನ ಕಲ್ಲಿನ ಕೊಡಲಿಗೆ ನೀರು, ಮರಳು ಹಾಕಿ ಮಸೆದಾಗ ಆಗುವ ಗುರುತು ಅದು. ಮೂರ್ನಾಲ್ಕು ಸಾವಿರ ವರ್ಷದ ಅಸಲಿ ಮಾಲು. ಆದರೆ ಅದರಲ್ಲಿ ಯಾವ ಭಾಷೆಯೂ ಇಲ್ಲ. ಭಾಷೆ ಇಲ್ಲದ ಪ್ರಾಚೀನತೆ ಕಟ್ಟಿಕೊಂಡು ಯಾರಿಗೇನು ಲಾಭ?

ಇನ್ನು ಅಕ್ಷರ ಎಬ್ಬಿಸುವ ಕೆಲಸ. ಶಾಸನ ಓದುವವರು ಪಡಿಯಚ್ಚು ತೆಗೆಯುತ್ತಾರೆ. ಕಲ್ಲನ್ನು ನೀರು ಹಾಕಿ ಬ್ರಷ್‌ನಲ್ಲಿ ಉಜ್ಜಿ ಪಾಚಿ, ಎಣ್ಣೆ ಜಿಡ್ಡು ತೆಗೆದು, ಒದ್ದೆ ಕಾಗದ ಹಾಸಿ, ಕಾಗದ ಅಕ್ಷರದ ಕುಳಿಯೊಳಗೆ ಇಳಿಯುವ ತನಕ ಬ್ರಷ್‌ನಿಂದ ತಟ್ಟಿ, ಅರೆ ಒಣಗಿದ ಮೇಲೆ ಬಟ್ಟೆಯುಂಡೆಯಲ್ಲಿ ಕಪ್ಪು ಶಾಯಿ ಒತ್ತುತ್ತಾರೆ. ಉಬ್ಬಿದ್ದು ಕಪ್ಪಾಗುತ್ತದೆ, ಕೊರೆದದ್ದು ಬೆಳ್ಳಗೆ ಉಳಿಯುತ್ತದೆ. ಕಾಗದ ಹಸಿಯಾಗಿದ್ದರೆ ಶಾಯಿ ಹರಡುತ್ತದೆ, ತೀರಾ ಒಣಗಿದರೆ ಕಾಗದ ಏಳುತ್ತದೆ, ಗಾಳಿ ಬೀಸಿದರೆ ಹರಿದೇ ಹೋಗುತ್ತದೆ. ಇಷ್ಟೆಲ್ಲ ಕಷ್ಟಪಟ್ಟರೂ ಕಲ್ಲಿನಲ್ಲಿ ಇಲ್ಲದ್ದು ಕಾಗದದಲ್ಲಿ ಬರುವುದಿಲ್ಲ ಎಂಬುದೇ ಈ ವಿಧಾನದ ದೊಡ್ಡ ದೋಷ.

ಆದಕಾರಣ ಸೀಮೆಸುಣ್ಣ ತನ್ನಿ. ಐದು ರೂಪಾಯಿ ಸೀಮೆಸುಣ್ಣಕ್ಕೆ ಇರುವ ವಿದ್ವತ್ತು ಯಾವ ವಿಶ್ವವಿದ್ಯಾಲಯಕ್ಕೂ ಇಲ್ಲ. ಬಿರುಕಿನ ಮೇಲೆ ಎಳೆದರೆ ‘ಲ’, ಪಾಚಿಯ ಅಂಚಿಗೆ ಎಳೆದರೆ ಮೀನು, ನೇಗಿಲು ತಗುಲಿದ ಗೀರಿನ ಮೇಲೆ ಎಳೆದರೆ ತ್ರಿಶೂಲ. ಫೋಟೊವನ್ನು ನಡುಮಧ್ಯಾಹ್ನ ನೆತ್ತಿಯ ಬಿಸಿಲಿನಲ್ಲೇ ತೆಗೆಯಿರಿ. ಬೆಳಗ್ಗೆ ಸಂಜೆಯ ಓರೆ ಬೆಳಕಿನಲ್ಲಿ, ಇಲ್ಲವೇ ರಾತ್ರಿ ಪಕ್ಕದಿಂದ ಟಾರ್ಚ್ ಬಿಟ್ಟು ತೆಗೆದರೆ ಉಳಿಯ ಪೆಟ್ಟು ಯಾವುದು, ಸಹಜ ಬಿರುಕು ಯಾವುದು ಎಂದು ನೆರಳೇ ಹೇಳಿಬಿಡುವ ಅಪಾಯವಿದೆ. ಗುರುತಿನ ಪಕ್ಕದಲ್ಲಿ ಅಳತೆಪಟ್ಟಿ ಇಡಬಾರದು. ಇಟ್ಟರೆ ‘ಬೃಹತ್ ಶಿಲಾಲೇಖ’ ಅಂಗೈಯಗಲದ್ದು ಎಂದು ತಿಳಿಯುತ್ತದೆ.

ವಯಸ್ಸು ಹೇಳುವುದಂತೂ ಬಹಳ ಸುಲಭ. ‘ಕಾರ್ಬನ್ ಡೇಟಿಂಗ್ ಮಾಡಿಸಲಾಗಿದೆ’ ಎಂದು ಒಂದು ಸಾಲು ಬರೆದರೆ ಮುಗಿಯಿತು. ಕಾರ್ಬನ್ 14 ಪರೀಕ್ಷೆಗೆ ಒಂದು ಕಾಲಕ್ಕೆ ಜೀವವಿದ್ದ ವಸ್ತು ಬೇಕು: ಇದ್ದಿಲು, ಮೂಳೆ, ಸುಟ್ಟ ಕಾಳು. ಅದರೊಳಗಿನ ಕಾರ್ಬನ್ 14 ಸುಮಾರು 5,730 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತಾ, 50 ಸಾವಿರ ವರ್ಷದ ಹೊತ್ತಿಗೆ ಅಳೆಯಲು ಏನೂ ಉಳಿದಿರುವುದಿಲ್ಲ. ಗ್ರಾನೈಟಿಗೆ ಅದು ಯಾವ ಜನ್ಮದಲ್ಲೂ ನಡೆಯುವುದಿಲ್ಲ. ಯಾರಾದರೂ ತಕರಾರು ತೆಗೆದರೆ ಭೂಗರ್ಭಶಾಸ್ತ್ರದವರ ಲೆಕ್ಕ ಹಿಡಿಯಿರಿ: ನಮ್ಮ ಸೀಮೆಯ ಬಂಡೆ ಸುಮಾರು 250 ಕೋಟಿ ವರ್ಷದ್ದು. ಬಂಡೆಯ ವಯಸ್ಸೇ ಬರಹದ ವಯಸ್ಸು. ಈ ಲೆಕ್ಕದಲ್ಲಿ ಕನ್ನಡ ಡೈನೋಸಾರಿಗಿಂತ ಹಳೆಯದು. ಅಭಿಮಾನಿಗಳು ಬೇಡ ಎನ್ನುವುದಿಲ್ಲ.

ಈಗ ಹೋಲಿಕೆ. ಸಿಂಧೂ ಲಿಪಿಯ ವಿದ್ವಾಂಸ ಐರಾವತಂ ಮಹಾದೇವನ್ 1977ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 417 ಸಿಂಧೂ ಚಿಹ್ನೆಗಳಿವೆ. ಎರಡು, ಮೂರು, ನಾಲ್ಕು ಗೆರೆಯಲ್ಲಿ ಮನುಷ್ಯನ ಕೈಗೆ ತಾನಾಗಿ ಬರುವ ಆಕಾರಗಳು ಎಷ್ಟು ಮಹಾ? ಇಂಟು, ಕೂಡು, ಏಣಿ, ಬಾಣ, ತ್ರಿಶೂಲ, ನಕ್ಷತ್ರ. ನಿಮ್ಮ ಬಂಡೆಯ ಗೀರು 417ರಲ್ಲಿ ಒಂದಕ್ಕೂ ಹೊಂದಲಿಲ್ಲ ಎಂದರೆ ನೀವು ಪಟ್ಟಿ ನೋಡಿಯೇ ಇಲ್ಲ ಎಂದರ್ಥ. ಹೊಂದದಿದ್ದರೆ ತಿರುಗಿಸಿ, ಆಗಲೂ ಹೊಂದದಿದ್ದರೆ ಒಂದು ಗೆರೆಯನ್ನು ‘ಕಾಲನ ಹೊಡೆತಕ್ಕೆ ಅಳಿದಿದೆ’ ಎಂದು ಸೇರಿಸಿ. ನಾಚಿಕೆ ಪಡಬೇಕಾದ್ದಿಲ್ಲ, ದೊಡ್ಡವರ ಮೇಲ್ಪಂಕ್ತಿ ಇದೆ. 1932ರಲ್ಲಿ ಪ್ಯಾರಿಸ್ಸಿನಲ್ಲಿ ಗಿಯೋಮ್ ಡಿ ಹೆವೆಸಿ ಎಂಬಾತ ಸಿಂಧೂ ಲಿಪಿಯೂ ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮರದ ಹಲಗೆಗಳ ಬರಹವೂ ಒಂದೇ ಎಂದು ನೂರಕ್ಕೂ ಮೇಲ್ಪಟ್ಟು ಜೋಡಿ ತೋರಿಸಿದ. ಎರಡೂ ಜಾಗ ಭೂಮಿಯ ಆ ಬದಿಗೊಂದು ಈ ಬದಿಗೊಂದು ಇವೆ, ಕಾಲದ ಅಂತರ ಸಾವಿರಾರು ವರ್ಷ. ಪರಿಶೀಲಿಸಿದವರಿಗೆ ಚಿತ್ರಗಳನ್ನೇ ಅಷ್ಟಿಷ್ಟು ತಿದ್ದಿರುವುದು ಕಂಡಿತು. 2000ದ ಸುಮಾರಿಗೆ ನಮ್ಮವರೇ ಮುರಿದ ಮುದ್ರೆಯೊಂದರ ಫೋಟೊವನ್ನು ಕಂಪ್ಯೂಟರಿಗೆ ಹಾಕಿ ಹರಪ್ಪದಲ್ಲಿ ಕುದುರೆ ಓಡಿಸಿದ್ದರು. ಸರಿಯಾದ ಚಿತ್ರ ತೆಗೆದು ನೋಡಿದರೆ ಅದು ಒಂಟಿಕೊಂಬಿನ ಗೂಳಿಯ ಹಿಂಭಾಗ.

ಮಡಕೆ ಚೂರು ಸಿಕ್ಕಿದರಂತೂ ಹಬ್ಬ. ಬೃಹತ್ ಶಿಲಾ ಸಮಾಧಿಗಳ ಕಪ್ಪು ಕೆಂಪು ಮಡಕೆಯನ್ನು ಬಾಯಿ ಕೆಳಗೆ ಮಾಡಿ ಸುಡುತ್ತಿದ್ದರು. ಗಾಳಿಯಾಡದ ಒಳಭಾಗ, ಕಂಠ ಕಪ್ಪಾಗಿ, ಹೊರಗೆ ಕೆಂಪಾಗುತ್ತಿತ್ತು. ಸುಟ್ಟ ಮೇಲೆ ಅದರ ಮೈಮೇಲೆ ಚೂಪಾದ್ದರಿಂದ ಗೀರಿದ ಗುರುತುಗಳೇ, ಇವು ಸಿಂಧೂ ಲಿಪಿಯ ನೆಂಟರು ಹೌದೋ ಅಲ್ಲವೋ ಎಂಬ ಈಗಿನ ಜಗಳದ ಮೂಲ. ಪುರಾತತ್ವಜ್ಞ ಬಿ.ಬಿ. ಲಾಲ್ 1960ರಲ್ಲೇ ಈ ಗೀರುಗಳನ್ನು ಹರಪ್ಪದ ಚಿಹ್ನೆಗಳ ಪಕ್ಕದಲ್ಲಿಟ್ಟು ಬಹುಪಾಲು ಹೋಲುತ್ತವೆ ಎಂದು ತೋರಿಸಿದ್ದರು. ಆಕಾರ ಹೋಲುತ್ತದೆ ಎನ್ನುವುದು ಒಂದು ಮಾತು, ಉಚ್ಚಾರವೂ ಅದೇ ಎನ್ನುವುದು ಬೇರೆಯೇ ಮಾತು. ಒಂದೇ ಸಮಾಧಿಯ ಹಲವು ಮಡಕೆಗಳ ಮೇಲೆ ಒಂದೇ ಗುರುತು ಇದ್ದರೆ ಅದು ಮನೆತನದ್ದೋ ಒಡೆಯನದ್ದೋ ಆಗಿರಬಹುದು. ಮದುವೆ ಮನೆಯ ಸ್ಟೀಲ್ ಪಾತ್ರೆಯ ಮೇಲಿನ ಹೆಸರಿಗೆ ಯಾರೂ ಭಾಷ್ಯ ಬರೆಯುವುದಿಲ್ಲ. ಆದರೆ ಇಷ್ಟು ಸಣ್ಣ ವಿವರಣೆಗೆ ಪತ್ರಿಕಾಗೋಷ್ಠಿ ಕರೆಯಲಾದೀತೇ?

ಓದುವಾಗ ಎಡ ಬಲದ ಗೊಂದಲ ಬರುತ್ತದೆ. ಹರಪ್ಪದ ಮುದ್ರೆಯನ್ನು ಒತ್ತುವುದಕ್ಕಾಗಿ ಕನ್ನಡಿಬಿಂಬದಂತೆ ಕೊರೆದಿದ್ದಾರೆ. ಒತ್ತಿದ ಅಚ್ಚನ್ನು ಹೆಚ್ಚಾಗಿ ಬಲದಿಂದ ಎಡಕ್ಕೆ ಓದಬೇಕು. ಜಾಗ ಸಾಲದೆ ಎಡ ತುದಿಯಲ್ಲಿ ಚಿಹ್ನೆಗಳು ಇಕ್ಕಟ್ಟಾಗಿರುವುದು ಅದಕ್ಕೊಂದು ಸಾಕ್ಷಿ. ಮುದ್ರೆಯ ಫೋಟೊವನ್ನೇ ಅಚ್ಚು ಅಂದುಕೊಂಡರೆ ಇಡೀ ವಾಕ್ಯ ಮಗುಚಿಕೊಳ್ಳುತ್ತದೆ. ನೀವೇನೂ ಹೆದರಬೇಡಿ. ಹೇಗೂ ಒಂದು ಬರಹದಲ್ಲಿ ಸರಾಸರಿ ಐದೇ ಚಿಹ್ನೆ. ಯಾವ ಕಡೆಯಿಂದ ಓದಿದರೂ ನಿಮ್ಮ ಕುಲದೇವರ ಹೆಸರು ಬರುವಂತೆ ನೋಡಿಕೊಂಡರಾಯಿತು. ಬ್ರಿಟಿಷ್ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಅಶೋಕನ ಕಾಲದ ಬ್ರಾಹ್ಮಿ ಲಿಪಿ ಬಿಡಿಸಿದ್ದು ಹೀಗಲ್ಲ. ಸಾಂಚಿಯ ಕಟಾಂಜನದ ಸಣ್ಣಸಣ್ಣ ಬರಹಗಳ ಕೊನೆಯಲ್ಲೆಲ್ಲ ಅವವೇ ಅಕ್ಷರ ಬರುವುದನ್ನು ಕಂಡು, ಅದು ‘ದಾನಂ’ ಇರಬೇಕೆಂದು ಊಹಿಸಿ, ಊಹೆಯನ್ನು ಉಳಿದ ಶಾಸನಗಳ ಮೇಲೆಲ್ಲ ಒರೆಗೆ ಹಚ್ಚಿದ. ಊಹೆಯನ್ನು ಒರೆಗೆ ಹಚ್ಚುವುದು ಬ್ರಿಟಿಷರ ಕಾಲದ ಚಾಳಿ.

ಇಲ್ಲಿಂದಾಚೆ ಭಾಷೆಯ ಪಂಚಾಯ್ತಿ. ಮುಳಬಾಗಿಲು, ಬಾಗೇಪಲ್ಲಿ ಕಡೆಯ ಟೀ ಅಂಗಡಿಯಲ್ಲಿ ಒಂದೇ ವಾಕ್ಯ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ಬಂಡೆಯ ವಿಷಯ ಬಂದಾಗ ಮಾತ್ರ ಎಲ್ಲರೂ ಅಚ್ಚ ಏಕಭಾಷಿಕರು.

“ಅಣ್ಣೋ, ಇದು ಪೂರ್ತಿ ನಮ್ ಕನ್ನಡಾನೇ. ‘ಕ’ ಕಾಣಿಸ್ತಿಲ್ವಾ?”

“ಕಾಣಿಸ್ತದೆ ಕಣಪ್ಪ. ಅದೇ ‘ಕ’ ತೆಲುಗಲ್ಲೂ ಐತಲ್ಲ.”

“ಹಂಗಾದ್ರೆ ಸಂಸ್ಕೃತ ಅಂತ ಬರ್ಕೊಳ್ಳಿ, ಜಗಳ ಬ್ಯಾಡ.”

ಇತ್ತ ಕೋಲಾರಮ್ಮನ ಗುಡಿಯ ಗೋಡೆಯಲ್ಲಿ ಹನ್ನೊಂದನೆಯ ಶತಮಾನದ ಚೋಳರ ತಮಿಳು ಶಾಸನಗಳು ಸಾಲುಸಾಲಾಗಿವೆ. ಓದಿಯೂ ಆಗಿದೆ, ಅರ್ಥವೂ ಗೊತ್ತಿದೆ. ಅದಕ್ಕೇ ಅವುಗಳ ಬಗ್ಗೆ ಯಾರಿಗೂ ಆವೇಶ ಬರುವುದಿಲ್ಲ. ದೂರದ ಲಿಪಿ ಇಲ್ಲಿಗೆ ಬಂದದ್ದಕ್ಕೆ ಪಕ್ಕಾ ಪುರಾವೆ ಬೇಕಿದ್ದರೆ ಪಾವಗಡದಿಂದಾಚೆ, ಚಿತ್ರದುರ್ಗದ ಬ್ರಹ್ಮಗಿರಿಯಲ್ಲಿದೆ: ಅಶೋಕನ ಶಾಸನ ಬರೆದ ಚಪಡ ಇಡೀ ಪಾಠವನ್ನು ಬ್ರಾಹ್ಮಿಯಲ್ಲಿ ಬರೆದು, ಕೊನೆಯ ‘ಲಿಪಿಕರೇಣ’ (ಬರೆಯುವವನಿಂದ) ಎಂಬುದೊಂದನ್ನು ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಗೀಚಿ ಹೋಗಿದ್ದಾನೆ. ಅದರ ಮುಂದೆ ಯಾರೂ ಸೆಲ್ಫಿ ತೆಗೆಯುವುದಿಲ್ಲ.

ಕೋಲಾರಕ್ಕೆ ಇನ್ನೊಂದು ಆಸ್ತಿ ಉಂಟು, ಚಿನ್ನ. ಮೊಹೆಂಜೊದಾರೊ ಚಿನ್ನದಲ್ಲಿ ಬೆಳ್ಳಿಯ ಅಂಶ ಇರುವುದರಿಂದ ಅದು ಕೋಲಾರ ಅಥವಾ ಅನಂತಪುರದ ಕಡೆಯದಿರಬಹುದು ಎಂಬ ಊಹೆ, ಅಲ್ಲಿ ಅಗೆಸಿದ ಜಾನ್ ಮಾರ್ಷಲ್ 1931ರಲ್ಲಿ ಹೊರತಂದ ಸಂಪುಟಗಳಲ್ಲೇ ಬಂದಿದೆ. ‘ಇರಬಹುದು’ ಎಂಬುದನ್ನು ದಾರಿಯಲ್ಲೆಲ್ಲೋ ಕಳೆದುಕೊಂಡು ಆ ಊಹೆ ಈಗ ‘ಸಾಬೀತಾಗಿದೆ’ ಆಗಿ ಊರು ಸೇರಿದೆ. ಚಿನ್ನ ಹೋಗಿದ್ದರೆ ಲೆಕ್ಕ ಬರೆಯಲು ಗುಮಾಸ್ತನೂ ಹೋಗಿರಬೇಕು, ಗುಮಾಸ್ತ ಹೋಗಿದ್ದರೆ ಲಿಪಿಯೂ ಇಲ್ಲಿಯದೇ. ಈ ತರ್ಕದಲ್ಲಿ ತೂತು ಹುಡುಕುವವರು ನಾಡದ್ರೋಹಿಗಳು.

ಚಿನ್ನದ ಮಾತು ಬಂದಮೇಲೆ ರಾತ್ರಿ ಪಾಳಿಯವರು, ಅಂದರೆ ನಿಧಿಗಳ್ಳರು, ಬರುತ್ತಾರೆ. ವೀರಗಲ್ಲಿನ ನೆತ್ತಿಯ ಮೇಲೆ ಸೂರ್ಯ, ಚಂದ್ರ ಇದ್ದರೆ ಅದು ‘ಆಚಂದ್ರಾರ್ಕ’, ಅವೆರಡೂ ಇರುವ ತನಕ ವೀರನ ಕೀರ್ತಿ ಇರಲಿ ಎಂದು. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಲಿಂಗ: ಕಥೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ನಿಧಿಗಳ್ಳರು ಮಾತ್ರ ಮೇಲಿನಿಂದ ಕೆಳಕ್ಕೆ ಓದಿ, ಅಲ್ಲಿಗೇ ನಿಲ್ಲದೆ ಇನ್ನೂ ಆರಡಿ ಕೆಳಕ್ಕೆ ಹೋಗುತ್ತಾರೆ. ಶಿವಾಲಯಕ್ಕೆ ಬಿಟ್ಟ ಹೊಲದ ಎಲ್ಲೆಗೆ ನೆಟ್ಟ ಲಿಂಗಮುದ್ರೆ ಕಲ್ಲು, ವಿಷ್ಣು ದೇವಾಲಯಕ್ಕೋ ಬ್ರಾಹ್ಮಣರಿಗೋ ಬಿಟ್ಟ ಜಮೀನಿನ ಕೊಡೆ ಹಿಡಿದ ವಾಮನಮುದ್ರೆ, ಎಲ್ಲವೂ ಅವರಿಗೆ ಕೊಪ್ಪರಿಗೆಯ ಬಾಣದ ಗುರುತೇ. ದತ್ತಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದು ದಾನಶಾಸನದ ಕೊನೆಯಲ್ಲಿ ಬರೆದಿರುತ್ತದೆ. ಆ ಕಲ್ಲನ್ನೂ ಕಿತ್ತು ಪಕ್ಕಕ್ಕೆ ಮಲಗಿಸಿ ಅಗೆಯುತ್ತಾರೆ. ಸಿಗುವುದು ಕಲ್ಲು ನೆಟ್ಟಗೆ ನಿಲ್ಲಲೆಂದು ತುಂಬಿದ ಜಲ್ಲಿ.

ಓದಲು ಬರುವ ಕಲ್ಲುಗಳ ಗತಿಯನ್ನೂ ಹೇಳಿಬಿಡಬೇಕು. ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ, 1905ರದು, ಪೂರ್ತಿ ಕೋಲಾರ ಜಿಲ್ಲೆಯದು. ಚಿಕ್ಕಬಳ್ಳಾಪುರವೂ ಆಗ ಅದರೊಳಗೇ ಇತ್ತು. ತುಮಕೂರಿನದು ಹನ್ನೆರಡನೆಯದು, 1904. ತಾಲ್ಲೂಕುವಾರು ನಂಬರು ಹಾಕಿ, ಊರು, ಕಲ್ಲಿರುವ ಜಾಗ, ಪಾಠ, ಅನುವಾದ ಎಲ್ಲ ಕೊಟ್ಟಿದ್ದಾರೆ. ಆ ನಂಬರು ಹಿಡಿದು ಊರಿಗೆ ಹೋದರೆ ಕೆಲವು ಕಲ್ಲುಗಳು ಮೋರಿಗೆ ಚಪ್ಪಡಿಯಾಗಿವೆ, ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ, ಇನ್ನು ಕೆಲವು ಎನಾಮಲ್ ಪೇಂಟ್ ಬಳಿಸಿಕೊಂಡು ದೇವರಾಗಿವೆ. ಕೆರೆ ಕಟ್ಟಿಸಿದವನ ಹೆಸರು, ತೂಬಿನ ಕೆಳಗೆ ಬಿಟ್ಟ ಗದ್ದೆಯ ಅಳತೆ, ತುರುಗಳನ್ನು ಬಿಡಿಸಲು ಹೋಗಿ ಸತ್ತವನ ಅಪ್ಪನ ಹೆಸರು ಅವುಗಳ ಮೇಲಿದೆ. ಬಹುಮಾನಕ್ಕೆ ಇವು ಬರುವುದಿಲ್ಲ, ಯಾಕೆಂದರೆ ಅರ್ಥವಾಗಿಬಿಡುತ್ತವೆ.

ಇಷ್ಟು ತಯಾರಿ ಮಾಡಿಕೊಂಡರೆ ನಿಮ್ಮ ಲಿಪಿ ಒಂದು ವರ್ಷ ಆರಾಮವಾಗಿ ನಡೆಯುತ್ತದೆ. ಪುರಾತತ್ವದವರಿಂದ ತೊಂದರೆಯಿಲ್ಲ, ಪತ್ರ ಬರೆದರೆ ಉತ್ತರ ಬರುವ ಹೊತ್ತಿಗೆ ಶೀಟು ಹೊದಿಸಿ ಅನ್ನದಾನ ಶುರು ಮಾಡಿರಬಹುದು. ಭಯವಿರುವುದು ಊರಿನ ವಯಸ್ಸಾದ ಹೆಂಗಸರದು. ಗುಡಿಯ ಜಗಲಿಯ ಮೇಲೆ ಎರಡು ಸಾಲಿನಲ್ಲಿ ಏಳೇಳು ಗುಳಿ ಕಂಡರೆ ನಿಮ್ಮ ಸಂಶೋಧಕರು ಹದಿನಾಲ್ಕು ತಿಥಿ, ಹದಿನೈದನೆಯದು ಅಮಾವಾಸ್ಯೆ, ಅದು ಕಾಣುವುದಿಲ್ಲ ಎನ್ನುತ್ತಾರೆ. ಅಜ್ಜಿಯರು ಅಳಗುಳಿ ಮನೆ ಎನ್ನುತ್ತಾರೆ. ಐದೈದು ಇಪ್ಪತ್ತೈದು ಚೌಕ, ಅದರಲ್ಲಿ ಐದಕ್ಕೆ ಇಂಟು ಹಾಕಿದ್ದರೆ ನಿಮ್ಮವರಿಗೆ ಪಂಚಭೂತ, ಅವರಿಗೆ ಚೌಕಾಬಾರ. ತ್ರಿಕೋನದ ತುದಿಯಿಂದ ಗೆರೆಗಳು ಇಳಿದು, ಅಡ್ಡಗೆರೆಗಳು ಹಾಯ್ದು, 23 ಕೂಡುಗಳಿರುವ ‘ಸಿಂಧೂ ಶ್ರೀಚಕ್ರ’ದ ಅನಾವರಣದ ದಿನ ಯಾವಳೋ ಒಬ್ಬ ಅಜ್ಜಿ ಗುಂಪು ಸರಿಸಿಕೊಂಡು ಮುಂದೆ ಬಂದೇ ಬರುತ್ತಾಳೆ.

“ಅಯ್ಯೋ ನಮ್ಮಪ್ಪಾ, ಇದು ಪುಲಿ ಮೇಕ ಮನೆ ಅಲ್ವೇನ್ರೋ? ದನ ಕಾಯೋ ಹುಡುಗ್ರು ಕೊರ್ಕೊಂಡಿದ್ದು.”

ಎದುರು ಮಾತಾಡಬೇಡಿ. ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು, ಸಂಶೋಧನಾ ಸಮಿತಿಯ ಗೌರವಾಧ್ಯಕ್ಷರೆಂದು ಘೋಷಿಸಿ, ಶಾಸಕರ ಪಕ್ಕದ ಕುರ್ಚಿಯಲ್ಲೇ ಕೂರಿಸಿ. ಮೈಕು ಮಾತ್ರ ಅವರ ಕಡೆ ತಿರುಗಿಸಬೇಡಿ. ಹುಲಿಗೆ ಮೂರು ಹುಣಸೆ ಬೀಜ, ಆಡಿಗೆ ಹದಿನೈದು ಬೆಣಚುಕಲ್ಲು ಕೈಗೆ ಸಿಕ್ಕರೆ ಶಾಸಕರನ್ನೇ ಆಟಕ್ಕೆ ಕರೆದಾರು.